‘ಇವತ್ತು ಬೇಡ’ ಅನ್ನೋದೂ ಧೈರ್ಯವೇ!

“ಚಿಕ್ಕಮ್ಮಾ, ಅಮ್ಮಂಗೆ ನೀನೇ ಸ್ವಲ್ಪ ಹೇಳು. ನಾನೇನು ಸಾಯೋಕೆ ಹೋಗ್ತಿಲ್ಲ, ಹಾರೋಕೆ ಹೋಗ್ತಿದೀನಿ!”

ಬೆಳಿಗ್ಗೆ ಎಂಟು ಗಂಟೆ. ಕಾವಲಿಯ ಮೇಲೆ ರೊಟ್ಟಿ, ಒಂದು ಕಿವಿಗೆ ಫೋನು. ಆ ಕಡೆ ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಅಕ್ಕನ ಮಗಳು. ಅವಳ ಫೋನು ಇಟ್ಟು ಐದು ನಿಮಿಷ ಆಗಿಲ್ಲ, ಭದ್ರಾವತಿ ಪೇಪರ್ ಟೌನಿನಿಂದ ಅಕ್ಕನ ಫೋನು. “ನೋಡೇ, ಬಟ್ಟೆ ಕಟ್ಕೊಂಡು ಬೆಟ್ಟದಿಂದ ಹಾರ್ತಾಳಂತೆ. ನಾಳೆ ಮದುವೆ ಆಗೋ ಹುಡುಗಿ, ಕೈಯೋ ಕಾಲೋ ಮುರ್ಕೊಂಡ್ರೆ ಏನು ಗತಿ?” ಅನ್ನುತ್ತಲೇ ಅಳು.

ಹುಡುಗಿ ಹೇಳಿದ ಊರಿನ ಹೆಸರು ಬೀರ್. ಹಿಮಾಚಲ ಪ್ರದೇಶದ ಕಾಂಗ್ಡಾ ಜಿಲ್ಲೆಯಲ್ಲಿದೆ. ಗೆಳತಿಯರ ಜೊತೆ ಮುಂಗಡ ಕಟ್ಟಿಯೂ ಆಗಿತ್ತು. ಭಾವ ಎಂಪಿಎಂನಿಂದ ಸ್ವಯಂ ನಿವೃತ್ತಿ ಪಡೆದವರು, ಮಾತು ಕಡಿಮೆ. “ಅವಳ ದುಡ್ಡು, ಅವಳು ಹೋಗ್ತಾಳೆ. ಆದ್ರೆ ಯಾರಾದ್ರೂ ದೊಡ್ಡೋರು ಜೊತೆಗಿರಲಿ” ಅಂದುಬಿಟ್ಟರು. ಆ ‘ದೊಡ್ಡೋರು’ ಯಾರು ಅಂತ ನಿಮಗೆ ಗೊತ್ತಾಗಿರಬೇಕಲ್ಲ? ಹೀಗೆ ಕಳೆದ ಅಕ್ಟೋಬರಿನಲ್ಲಿ, ಆಗುಂಬೆ ಘಾಟಿ ಇಳಿಯುವಾಗಲೇ ತಲೆ ಸುತ್ತು ಬರುವ ನಾನು ಹಿಮಾಲಯಕ್ಕೆ ಹೊರಟೆ.

ನಿಮ್ಮ ಮನೆಯಲ್ಲೂ ಇಂಥ ಫೋನು ಇವತ್ತಲ್ಲ ನಾಳೆ ಬರಬಹುದು. ಆಗ ಸುಮ್ಮನೆ ‘ಬೇಡ’ ಅನ್ನುವ ಮೊದಲು, ಅಥವಾ ಕಣ್ಣು ಮುಚ್ಚಿ ‘ಹೋಗು’ ಅನ್ನುವ ಮೊದಲು, ಸ್ವಲ್ಪ ತಿಳ್ಕೊಂಡಿರೋದು ಒಳ್ಳೇದು.

ಏನಿದು ಪ್ಯಾರಾಗ್ಲೈಡಿಂಗ್?

ಮಲ್ಪೆಯ ಕಡಲತೀರದಲ್ಲಿ ದೋಣಿಗೆ ಹಗ್ಗ ಕಟ್ಟಿ ಎಳೆಸಿಕೊಂಡು ಮೇಲೇರುತ್ತಾರಲ್ಲ, ಅದು ಪ್ಯಾರಾಸೈಲಿಂಗ್. ಬೆನ್ನಿಗೆ ಎಂಜಿನ್ ಮತ್ತು ಫ್ಯಾನು ಕಟ್ಟಿಕೊಂಡು ಹಾರುವುದು ಪ್ಯಾರಾಮೋಟರಿಂಗ್. ಪ್ಯಾರಾಗ್ಲೈಡಿಂಗಿಗೆ ಹಗ್ಗವೂ ಇಲ್ಲ, ಎಂಜಿನ್ನೂ ಇಲ್ಲ. ನೈಲಾನ್ ಬಟ್ಟೆಯ ದೊಡ್ಡ ರೆಕ್ಕೆ, ಅದರಿಂದ ಇಳಿಬಿದ್ದ ಹತ್ತಾರು ತೆಳು ದಾರಗಳು, ಕೆಳಗೆ ಕುರ್ಚಿಯಂಥ ಸರಂಜಾಮು. ಅದಕ್ಕೆ ಹಾರ್ನೆಸ್ ಅಂತಾರೆ. ಇಳಿಜಾರಿನಲ್ಲಿ ಎದುರುಗಾಳಿಗೆ ಮುಖ ಮಾಡಿ ಓಡಿದರೆ ರೆಕ್ಕೆಯೊಳಗೆ ಗಾಳಿ ತುಂಬಿ ನಮ್ಮನ್ನು ಎತ್ತುತ್ತದೆ. 1978ರಲ್ಲಿ ಫ್ರಾನ್ಸಿನ ಮಿಯೆಸ್ಸಿ ಎಂಬ ಬೆಟ್ಟದೂರಿನಲ್ಲಿ ಮೂವರು ಪ್ಯಾರಾಚೂಟ್ ಹವ್ಯಾಸಿಗಳು ವಿಮಾನದ ಬದಲು ಬೆಟ್ಟದಿಂದಲೇ ಓಡಿ ಹಾರಿದಾಗ ಈ ಆಟ ಶುರುವಾಯಿತು ಅಂತಾರೆ.

ಎಂಜಿನ್ ಇಲ್ಲದೆ ಮೇಲೇರೋದು ಹೇಗೆ? ಬಿಸಿಲೇರಿದ ಮೇಲೆ ತುಂಗಾ ಹೊಳೆಯ ಮೇಲೆ ಹದ್ದುಗಳು ರೆಕ್ಕೆಯನ್ನೇ ಬಡಿಯದೆ ಸುತ್ತು ಹಾಕುತ್ತಾ ಮೇಲೇರುವುದನ್ನು ನೋಡಿದ್ದೀರಲ್ಲ? ಕಾದ ನೆಲದಿಂದ ಬಿಸಿಗಾಳಿ ಕಂಬದ ಹಾಗೆ ಮೇಲೇಳುತ್ತದೆ. ಹದ್ದು ಆ ಕಂಬ ಹಿಡಿದು ಏರುತ್ತದೆ, ಪೈಲಟ್ಟೂ ಅಷ್ಟೇ. ಇದಕ್ಕೆ ಥರ್ಮಲ್ ಅಂತಾರೆ.

ನಮ್ಮಂಥ ಹೊಸಬರು ಹಾರುವುದು ‘ಟ್ಯಾಂಡಮ್’ನಲ್ಲಿ, ಅಂದರೆ ಜೋಡಿ ಹಾರಾಟದಲ್ಲಿ. ಹಿಂದೆ ಪೈಲಟ್, ಮುಂದೆ ನಾವು. ರೆಕ್ಕೆಯ ಹಿಡಿತವೆಲ್ಲ ಅವರ ಕೈಯಲ್ಲೇ. ಅಂದಮೇಲೆ ನಾವು ಆರಿಸಬೇಕಾದದ್ದು ಬೆಟ್ಟವನ್ನಲ್ಲ, ಆ ಕೈಗಳನ್ನು!

ಬೀರ್ ಬದಲಾದ ಬಗೆ

ಟೇಕ್ ಆಫ್ ಮಾಡುವ ಜಾಗ ಬಿಲ್ಲಿಂಗ್, ಸುಮಾರು 2,400 ಮೀಟರ್ ಎತ್ತರ. ನಮ್ಮ ಕೊಡಚಾದ್ರಿ 1,343 ಮೀಟರ್, ಈಗ ನೀವೇ ಅಂದಾಜು ಮಾಡಿ. ಇಳಿಯುವುದು ಸುಮಾರು ಒಂದು ಕಿಲೋಮೀಟರ್ ಕೆಳಗಿನ ಬೀರ್‌ನ ಬಯಲಿನಲ್ಲಿ. ಎರಡರ ನಡುವೆ 14 ಕಿ.ಮೀ. ತಿರುವು ರಸ್ತೆ. ಹಿಂದೆ ಧೌಲಾಧಾರ್ ಪರ್ವತಸಾಲು. ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರಿಗೆ ದಿನವಿಡೀ ಬಿಸಿಲು ಬೀಳುವುದರಿಂದ ಬಿಸಿಗಾಳಿ ಚೆನ್ನಾಗಿ ಏಳುತ್ತದೆ. ಸಾಲುಬೆಟ್ಟದ ಉದ್ದಕ್ಕೂ ಹತ್ತಾರು ಮೈಲಿ ಹಾರಬಹುದು.

ಟೀ ತೋಟ, ಗದ್ದೆ, ಟಿಬೆಟನ್ನರ ಕಾಲೊನಿ, ಇಷ್ಟೇ ಇದ್ದ ಮೂಲೆಯ ಊರು ಇದು. 2015ರ ಅಕ್ಟೋಬರಿನಲ್ಲಿ ಇಲ್ಲಿ ಪ್ಯಾರಾಗ್ಲೈಡಿಂಗ್ ವಿಶ್ವಕಪ್ ನಡೆಯಿತು. ಈಗ ಊರ ಹುಡುಗರೇ ಪೈಲಟ್ಟುಗಳು, ಗದ್ದೆಬದಿಯ ಮನೆಗಳು ಹೋಮ್‌ಸ್ಟೇ. ನಾವು ಉಳಿದ ಮನೆಯ ಯಜಮಾನಿ ಬೆಳಿಗ್ಗೆ ಪರಾಠ ಬೇಯಿಸುತ್ತಲೇ, “ಮಗ ಹಾರುವಾಗ ನಾನು ಆಕಾಶ ನೋಡೋದಿಲ್ಲ ಬೆಹೆನ್‌ಜೀ, ಒಲೆ ನೋಡ್ತೀನಿ” ಅಂದರು. ಅಮ್ಮಂದಿರು ಎಲ್ಲಾ ಊರಲ್ಲೂ ಒಂದೇ!

ನಮ್ಮ ಮಲೆನಾಡಿನಲ್ಲಿ ಯಾಕಿಲ್ಲ ಅಂತ ನನ್ನ ಮಗ ಕೇಳಿದ್ದ. ಇದಕ್ಕೆ ಬರೀ ಎತ್ತರ ಸಾಲದು. ಓಡಲು ಮರಗಿಡ ಇಲ್ಲದ ಇಳಿಜಾರು ಬೇಕು, ಎದುರಿನಿಂದ ಹದವಾದ ಗಾಳಿ ಬೇಕು, ಇಳಿಯಲು ಬಯಲು ಬೇಕು. ನಮ್ಮಲ್ಲಿ ಬೆಟ್ಟದ ಬುಡದಲ್ಲಿ ದಟ್ಟ ಕಾಡು, ಇಲ್ಲವೇ ಅಡಿಕೆ ತೋಟ. ಮಳೆಗಾಲದ ಮಾತಂತೂ ಕೇಳಲೇಬೇಡಿ. ಸೋಗಾನೆಯಲ್ಲಿ 2023ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಅದರ ಸುತ್ತಮುತ್ತಲ ಆಕಾಶಕ್ಕೂ ಕಟ್ಟುಪಾಡು ಇದೆ. ಕಲಿಯಲೇಬೇಕು ಅನ್ನುವವರಿಗೆ ನಮಗೆ ಹತ್ತಿರದ ಹೆಸರಾಂತ ಜಾಗ ಮಹಾರಾಷ್ಟ್ರದ ಲೋನಾವಳ ಬಳಿಯ ಕಾಮ್‌ಶೇತ್.

ಅಪಾಯ ಇದೆಯಾ? ಇದೆ

ಸುಳ್ಳು ಯಾಕೆ ಹೇಳಲಿ, ಅಕ್ಕನ ಅಳುವಿಗೆ ಕಾರಣ ಇತ್ತು. 2021ರ ಡಿಸೆಂಬರಿನಲ್ಲಿ ಬೆಂಗಳೂರಿನ 12 ವರ್ಷದ ಬಾಲಕನೊಬ್ಬ ಹಿಮಾಚಲದಲ್ಲಿ ಪ್ಯಾರಾಗ್ಲೈಡಿಂಗ್ ಅವಘಡದಲ್ಲಿ ತೀರಿಕೊಂಡ. ಅಲ್ಲಿನ ಹೈಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. 2024ರ ಫೆಬ್ರುವರಿಯಲ್ಲಿ ಕುಲ್ಲು ಬಳಿ ತೆಲಂಗಾಣದ ಯುವತಿಯೊಬ್ಬಳು ಬಿದ್ದು ಸತ್ತಾಗ, ಪೈಲಟ್ ಬೆಲ್ಟನ್ನು ಸರಿಯಾಗಿ ಪರೀಕ್ಷಿಸಿರಲಿಲ್ಲ ಎಂದು ವರದಿಯಾಯಿತು. 2025ರ ಜನವರಿಯಲ್ಲಿ ನಮ್ಮ ಪಕ್ಕದ ಗೋವಾದ ಕೇರಿಯಲ್ಲಿ ಪುಣೆಯ ಯುವತಿ ಮತ್ತು ಪೈಲಟ್ ಇಬ್ಬರೂ ಸತ್ತರು.

ಬೆಲ್ಟು, ಪರವಾನಗಿ ನಮ್ಮ ಕಣ್ಣಿಗೆ ಕಾಣುವಂಥವು, ಕೇಳಿ ತಿಳಿಯಬಹುದು. ಮೋಡದ ಕತೆ ಹಾಗಲ್ಲ. 2007ರಲ್ಲಿ ಆಸ್ಟ್ರೇಲಿಯಾದಲ್ಲಿ ಎವಾ ವಿಸ್ನಿಯೆರ್ಸ್ಕಾ ಎಂಬ ಜರ್ಮನಿಯ ನುರಿತ ಆಟಗಾರ್ತಿಯನ್ನು ಗುಡುಗುಮೋಡವೊಂದು ಸುಮಾರು 9,900 ಮೀಟರ್ ಎತ್ತರಕ್ಕೆ ಎಳೆದುಕೊಂಡಿತು. ಎವರೆಸ್ಟಿಗಿಂತ ಮೇಲೆ! ಆಕೆ ಪ್ರಜ್ಞೆ ತಪ್ಪಿ, ಮೈಮೇಲೆ ಮಂಜುಗಟ್ಟಿ, ಹೇಗೋ ಬದುಕಿ ಬಂದರು. ಅದೇ ದಿನ ಅದೇ ಮೋಡಕ್ಕೆ ಸಿಕ್ಕ ಚೀನಾದ ಆಟಗಾರ ಬದುಕಲಿಲ್ಲ. ಅಂಥ ನುರಿತವರಿಗೇ ಹೀಗಾದರೆ ಮೋಡ ಕಂಡಾಗ ಕೆಳಗೇ ಇರುವುದು ಜಾಣತನ.

ಬಿಲ್ಲಿಂಗಿನಲ್ಲಿ ಆ ಮಧ್ಯಾಹ್ನ

ಈಗ ನಮ್ಮ ಕತೆಗೆ ಬರ್ತೀನಿ. ಮೊದಲ ದಿನ ಊಟ ಮುಗಿಸಿ ಜೀಪಿನಲ್ಲಿ ಬಿಲ್ಲಿಂಗಿಗೆ ಹೋದೆವು. ತಲಾ ಮೂರು ಸಾವಿರ ಕೊಟ್ಟಾಗಿತ್ತು. ಹೆಲ್ಮೆಟ್ಟು, ಬೆಲ್ಟು ಎಲ್ಲಾ ಹಾಕಿದರು. ಅಷ್ಟರಲ್ಲಿ ನಮ್ಮ ಪೈಲಟ್, ಮೂವತ್ತೈದರ ಆಸುಪಾಸಿನವನು, ಕಂಬಕ್ಕೆ ಕಟ್ಟಿದ್ದ ಬಟ್ಟೆಯ ಪಟ್ಟಿಯನ್ನೇ ನೋಡುತ್ತಾ ನಿಂತ. ಆಮೇಲೆ ಹಿಂದಿನ ಬೆಟ್ಟದ ಮೇಲೆ ಕಪ್ಪಾಗುತ್ತಿದ್ದ ಮೋಡವನ್ನು ನೋಡಿದ. ಹೋಗಿ ಹುಲ್ಲಿನ ಮೇಲೆ ಕೂತುಬಿಟ್ಟ. “ಗಾಳಿ ಬೆನ್ನಿನಿಂದ ಬರ್ತಿದೆ. ಕಾಯೋಣ” ಅಂದ. ಮುಕ್ಕಾಲು ಗಂಟೆ ಆದ ಮೇಲೆ “ಇವತ್ತು ಬೇಡ” ಅಂದ.

ಹುಡುಗಿಯ ಮುಖ ನೋಡಬೇಕಿತ್ತು! ಮಾರನೇ ದಿನ ಸಂಜೆ ವಾಪಸು ದೆಹಲಿ ಬಸ್ಸು. ಅಷ್ಟರಲ್ಲಿ ಬೇರೆ ತಂಡದವನೊಬ್ಬ ಬಂದು, “ನಾನು ಹಾರಿಸ್ತೀನಿ, ಐನೂರು ಕಮ್ಮಿ ಕೊಡಿ” ಅಂದ. ಅವರ ಕಡೆಯ ಇಬ್ಬರು ನಮ್ಮ ಕಣ್ಣೆದುರೇ ಓಡಿ ಹಾರಿಯೂ ಬಿಟ್ಟರು. “ಚಿಕ್ಕಮ್ಮಾ, ಪ್ಲೀಸ್” ಅಂದಳು ಇವಳು.

ನಿಜ ಹೇಳ್ತೀನಿ, ಆ ಕ್ಷಣ ನನಗೆ ‘ಹೂಂ’ ಅನ್ನೋದೇ ಸುಲಭವಿತ್ತು. ಇಷ್ಟು ದೂರ ಬಂದಿದ್ದೇವೆ, ದುಡ್ಡು ಖರ್ಚಾಗಿದೆ, ಗೆಳತಿಯರೆಲ್ಲ ‘ಆಂಟಿ ಹೆದ್ರಿದಾರೆ’ ಅಂತ ಮುಸಿಮುಸಿ ನಗುತ್ತಿದ್ದಾರೆ. ಹೆಂಗಸರು ‘ಬೇಡ’ ಅಂದರೆ ಪುಕ್ಕಲುತನ, ಅದೇ ಮಾತು ಗಂಡಸರು ಹೇಳಿದರೆ ವಿವೇಕ ಅನ್ನೋ ಕಾಲ ಇದು. ಆದರೆ ಹುಲ್ಲಿನ ಮೇಲೆ ಕೂತಿದ್ದ ಆ ಪೈಲಟ್ಟನ್ನು ನೋಡಿದೆ. ಹಾರಿದರೆ ಮಾತ್ರ ಅವನ ದಿನದ ಸಂಪಾದನೆ. ಅದನ್ನೂ ಬಿಟ್ಟು ‘ಬೇಡ’ ಅನ್ನುತ್ತಿದ್ದಾನೆ ಅಂದರೆ ಅವನಿಗೇನೋ ಗೊತ್ತು. “ಇಲ್ಲ ಪುಟ್ಟಿ, ಇಳಿಯೋಣ” ಅಂದೆ.

ರಾತ್ರಿವರೆಗೂ ಅವಳು ನನ್ನ ಜೊತೆ ಮಾತಾಡಲಿಲ್ಲ. ಆಮೇಲೆ ಮಳೆ ಬಂತಾ, ಸಿಡಿಲು ಬಂತಾ ಅಂತ ಕೇಳಬೇಡಿ. ಏನೂ ಆಗಲಿಲ್ಲ. ಹಾರಿದ ಆ ಇಬ್ಬರೂ ಸುಖವಾಗಿಯೇ ಇಳಿದು, ಸಂಜೆ ಅಂಗಡಿಯಲ್ಲಿ ಮೋಮೋ ತಿನ್ನುತ್ತಾ ಸಿಕ್ಕರು! ಹಾಗಂತ ನಾನು ಹೇಳಿದ್ದು ತಪ್ಪಾ? ರಾತ್ರಿಯೆಲ್ಲ ಯೋಚಿಸಿದೆ. ಗ್ಯಾಸ್ ಆರಿಸದೆ ಊರಿಗೆ ಹೋಗಿ ಬಂದೆವು, ಮನೆಗೇನೂ ಆಗಿಲ್ಲ ಅಂದುಕೊಳ್ಳಿ. ಮುಂದಿನ ಸಲವೂ ಹಾಗೇ ಹೋಗ್ತೀವಾ? ಅದೃಷ್ಟ ಬೇರೆ, ಎಚ್ಚರ ಬೇರೆ.

ಮಾರನೇ ದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ಆಕಾಶ ತೊಳೆದಿಟ್ಟ ಹಾಗಿತ್ತು. ಅದೇ ಪೈಲಟ್ ಬಟ್ಟೆಪಟ್ಟಿ ನೋಡಿ ನಕ್ಕ. ಅವಳು ಹಾರಿದಳು. ಕೆಳಗಿಳಿದಳು ಅಂತ ಫೋನು ಬಂದ ಮೇಲೆ ನನ್ನ ಸರದಿ. “ಓಡಿ, ಓಡ್ತಾನೇ ಇರಿ, ಕೂರಬೇಡಿ!” ಅಂತ ಹಿಂದಿನಿಂದ ಕೂಗು. ಆರು ಹೆಜ್ಜೆಗೆ ನೆಲ ಇಲ್ಲ. ಹೆದರಿಕೆ ಆಯ್ತಾ ಅಂತ ಎಲ್ಲರೂ ಕೇಳ್ತಾರೆ. ಮೊದಲ ನಿಮಿಷ ಕಣ್ಣೇ ಬಿಡಲಿಲ್ಲ. ಬಿಟ್ಟಾಗ ಕಂಡಿದ್ದು ಕಾಲ ಕೆಳಗೆ ಟೀ ತೋಟ, ಪಕ್ಕದಲ್ಲೇ ನಮ್ಮ ಜೊತೆ ಸುತ್ತುತ್ತಿದ್ದ ಒಂದು ಹದ್ದು. ಇಪ್ಪತ್ತು ನಿಮಿಷ ನಾನು ಯಾರ ಅಡುಗೆಯನ್ನೂ ಯೋಚಿಸಲಿಲ್ಲ!

ಹೊರಡುವ ಮುನ್ನ ನೆನಪಿರಲಿ

* ಪೈಲಟ್ಟಿನ ಪರವಾನಗಿ ಕೇಳಿ ನೋಡಿ. ಹಿಮಾಚಲದಲ್ಲಿ ಪೈಲಟ್, ಸಂಸ್ಥೆ ಎರಡೂ ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಆಗಿರಬೇಕು. ಕೇಳಿದ್ದಕ್ಕೆ ಸಿಡುಕಿದರೆ ಅಲ್ಲಿಂದ ಎದ್ದು ಬನ್ನಿ.

* ಅಲ್ಲಿ ಪ್ರತಿವರ್ಷ ಜುಲೈ 15ರಿಂದ ಸೆಪ್ಟೆಂಬರ್ 15ರವರೆಗೆ ಹಾರಾಟ ನಿಷೇಧ. ಆ ದಿನಗಳಲ್ಲಿ ‘ನಾವು ಹಾರಿಸ್ತೀವಿ’ ಅನ್ನುವವರನ್ನು ನಂಬಬೇಡಿ. ಅಕ್ಟೋಬರ್, ನವೆಂಬರ್ ಒಳ್ಳೆಯ ಕಾಲ.

* ಓಡುವ ಮುನ್ನ ಎರಡೂ ತೊಡೆಯ ಬೆಲ್ಟು, ಎದೆಯ ಬೆಲ್ಟು ಹಾಕಿದ್ದಾರಾ ಅಂತ ನೀವೇ ಮುಟ್ಟಿ ನೋಡಿ. ತುರ್ತಿಗೆ ಎರಡನೇ ಪ್ಯಾರಾಚೂಟ್ ಇದೆಯಾ ಅಂತಲೂ ಕೇಳಿ.

* ಗರ್ಭಿಣಿಯರು, ಹೃದ್ರೋಗ, ಮೂರ್ಛೆರೋಗ ಇರುವವರು, ಬೆನ್ನಿನ ಆಪರೇಷನ್ ಆದವರು ಹಾರಬಾರದು. ಮಂಡಿನೋವು, ಬಿಪಿ ಇದ್ದರೆ ಊರಲ್ಲೇ ಡಾಕ್ಟರನ್ನು ಕೇಳಿಕೊಂಡು ಹೋಗಿ.

* ಸೀರೆ, ದುಪಟ್ಟಾ ಬೇಡ. ಪ್ಯಾಂಟು, ಗಟ್ಟಿ ಶೂ, ತೆಳು ಸ್ವೆಟರ್ ಇರಲಿ. ಮಾಂಗಲ್ಯದ ಸರವನ್ನು ಅಂಗಿಯೊಳಗೆ ಹಾಕಿ. ತಿಂಡಿ ಹಗುರವಾಗಿರಲಿ, ಮೇಲೆ ಸುತ್ತು ಹಾಕುವಾಗ ವಾಕರಿಕೆ ಬರಬಹುದು.

* ಅಪಘಾತ ವಿಮೆ ಇದೆ ಅಂತ ನಿಶ್ಚಿಂತೆಯಿಂದ ಇರಬೇಡಿ. ಅನೇಕ ಪಾಲಿಸಿಗಳಲ್ಲಿ ಸಾಹಸ ಕ್ರೀಡೆಗೆ ರಕ್ಷಣೆ ಇರೋದಿಲ್ಲ. ಕಾಗದ ತೆಗೆದು ಓದಿ. ಅಲ್ಲಿ ಸಹಿ ಹಾಕಿಸಿಕೊಳ್ಳುವ ಫಾರಂ ಕೂಡಾ ಓದಿಯೇ ಸಹಿ ಮಾಡಿ.

* ಒಂದು ದಿನ ಹೆಚ್ಚಿಗೆ ಇಟ್ಟುಕೊಂಡೇ ಟಿಕೆಟ್ ಮಾಡಿಸಿ. ‘ನಾಳೆ ಬಸ್ಸಿದೆ’ ಅನ್ನುವ ಅವಸರವೇ ನಮ್ಮಿಂದ ತಪ್ಪು ಮಾಡಿಸೋದು. ಹವಾಮಾನದಿಂದ ಹಾರಾಟ ರದ್ದಾದರೆ ದುಡ್ಡು ವಾಪಸ್ ಇದೆಯಾ ಅಂತ ಮೊದಲೇ ಮಾತಾಡಿಕೊಳ್ಳಿ.

ಇಳಿದ ಬಯಲಿನಿಂದಲೇ ಅಕ್ಕನಿಗೆ ಫೋನು ಮಾಡಿದೆವು. “ಇಳಿದ್ರಾ? ಇಬ್ರೂ ಇಳಿದ್ರಾ?” ಅಂತ ಎರಡು ಸಲ ಕೇಳಿ, ಆಮೇಲೆ ಬೈಯಲು ಶುರು ಮಾಡಿದಳು. ಮಗಳು ನಗುತ್ತಾ ಎಲ್ಲಾ ಕೇಳಿಸಿಕೊಂಡು, “ಅಮ್ಮಾ, ನಿನ್ನೆ ಹಾರೋಕೆ ಚಿಕ್ಕಮ್ಮ ಬಿಡ್ಲಿಲ್ಲ. ನಾನೂ ಸುಮ್ನಾದೆ” ಅಂದಳು. ಆ ಕಡೆ ಅಕ್ಕ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಮೊನ್ನೆ ಅಕ್ಕನ ಮನೆಗೆ ಹೋಗಿದ್ದೆ. ಪಕ್ಕದ ಮನೆಯಾಕೆ ತನ್ನ ಮಗ ಗೋವಾಕ್ಕೆ ಹಾರೋಕೆ ಹೊರಟಿದ್ದಾನೆ ಅಂತ ಗೋಳು ಹೇಳಿಕೊಂಡರು. ಅಕ್ಕ ಅಡಿಕೆ ಹೋಳು ಬಾಯಿಗೆ ಹಾಕಿಕೊಳ್ಳುತ್ತಾ ಕೇಳಿದಳು, “ಪೈಲಟ್ಟಿಗೆ ಲೈಸೆನ್ಸ್ ಇದ್ಯಂತಾ? ಇಲ್ಲ ಅಂದ್ರೆ ಬೇಡ ಅನ್ನಿ. ಇದೆ ಅಂದ್ರೆ, ಒಂದು ದಿನ ಹೆಚ್ಚಿಗೆ ಇಟ್ಕೊಂಡು ಹೋಗೋಕೆ ಹೇಳಿ.”