ಫ್ಲ್ಯಾಪ್ ಕೈಕೊಟ್ರೆ ವಿಮಾನ ಯಾಕೆ ಸುತ್ತು ಹೊಡೆಯುತ್ತೆ?

ಹೋದ ತಿಂಗಳು ಮಾಯಕೊಂಡದ ಮನೆಯಲ್ಲಿ ಅಮ್ಮನ ಜೊತೆ ಕೂತು ಫೋನ್ ನೋಡ್ತಿದ್ದೆ. ತಮ್ಮ ಮೊದಲ ಸಲ ವಿಮಾನ ಹತ್ತಿದ್ದ. ಆ್ಯಪ್‌ನಲ್ಲಿ ನೋಡಿದ್ರೆ, ಅವನ ವಿಮಾನ ಬೆಂಗಳೂರು ಹತ್ರ ಬಂದು ಇಳಿಯದೆ ಸುತ್ತು ಹೊಡೀತಿತ್ತು. "ಇಳಿಸೋಕೆ ಏನಾಗಿದ್ಯೋ ಅವ್ರಿಗೆ?" ಅಂದ್ರು ಅಮ್ಮ. ನನಗೆ ಉತ್ತರ ಗೊತ್ತಿರ್ಲಿಲ್ಲ, ನಾನು ಓದಿದ್ದು ಬಿ.ಕಾಂ. ನಲವತ್ತು ನಿಮಿಷ ಆದ್ಮೇಲೆ ತಮ್ಮ ಫೋನ್ ಮಾಡ್ದ: "ಫ್ಲ್ಯಾಪ್ ಸಿಕ್ಕಾಕ್ಕೊಂಡಿತ್ತಂತೆ ಅಣ್ಣ, ಈಗ ಇಳಿದ್ವಿ." ಇವತ್ತಿನ ಮಾತು ಆ ನಲವತ್ತು ನಿಮಿಷದ್ದು.

ನಮ್ಮ ಕಡೆ ಭತ್ತದ ಗದ್ದೆಗೆ ಬೆಳ್ಳಕ್ಕಿ ಇಳಿಯೋದು ನೋಡಿದೀರಲ್ವಾ? ರೆಕ್ಕೆ ಅಗಲ ಮಾಡಿ ನಿಧಾನಕ್ಕೆ ಕಾಲೂರುತ್ತೆ. ವಿಮಾನದಲ್ಲಿ ಆ ಕೆಲಸ ಫ್ಲ್ಯಾಪ್‌ದು. ರೆಕ್ಕೆಯ ಹಿಂಬದಿಯಿಂದ ಅದು ಕೆಳಕ್ಕೆ ಚಾಚ್ಕೊಂಡ್ರೆ, ಕಡಿಮೆ ವೇಗದಲ್ಲೂ ರೆಕ್ಕೆ ಭಾರ ಹೊರುತ್ತೆ. ಒಂದು ಕಡೆ ಮಾತ್ರ ಜಾಸ್ತಿ ಚಾಚಿದ್ರೆ ವಿಮಾನ ವಾಲುತ್ತೆ. ಹಾಗಾಗಿ ವ್ಯತ್ಯಾಸ ಗೊತ್ತಾದ ಕೂಡ್ಲೇ ಎರಡೂ ಕಡೆಯವು ಇದ್ದಲ್ಲೇ ಲಾಕ್ ಆಗೋ ವ್ಯವಸ್ಥೆ ಇದೆ.

ಲಾಕ್ ಆದ್ರೆ ವಿಮಾನ ಬೀಳಲ್ಲ, ಆದ್ರೆ ಜೋರಾಗಿ ಇಳಿಯಬೇಕು. ಗಂಟೆಗೆ 250 ಕಿ.ಮೀ. ಬದಲು 300ರಲ್ಲಿ ಇಳಿದ್ರು ಅಂತಿಟ್ಕೊಳ್ಳಿ. ವೇಗ 20 ಪರ್ಸೆಂಟ್ ಜಾಸ್ತಿ, ಬ್ರೇಕ್ ತಡೀಬೇಕಾದ ಶಕ್ತಿ 44 ಪರ್ಸೆಂಟ್ ಜಾಸ್ತಿ. ಅಂದ್ರೆ ರನ್‌ವೇ ಉದ್ದ ಬೇಕು.

ಸುತ್ತು ಹೊಡೆಯೋದು ಈ ಲೆಕ್ಕಕ್ಕೇನೇ. ಒಬ್ಬ ಪೈಲಟ್ ವಿಮಾನ ನೋಡ್ಕೊಂಡ್ರೆ ಇನ್ನೊಬ್ರು ಚೆಕ್‌ಲಿಸ್ಟ್ ಓದ್ತಾರೆ. ತೂಕ ಎಷ್ಟು, ಗಾಳಿ ಯಾವ ಕಡೆ, ರನ್‌ವೇ ಒದ್ದೆ ಇದ್ಯಾ, ಇಂಧನ ಎಷ್ಟಿದೆ, ಹೊಸ ವೇಗ ಎಷ್ಟು ಅಂತ ಎಲ್ಲಾ ಕೂಡಿಸ್ತಾರೆ. ಉದ್ದ ಸಾಲಲ್ಲ ಅಂದ್ರೆ ಬೇರೆ ಊರಿಗೆ ಹೋಗ್ತಾರೆ. ಬೆಂಗಳೂರಿನ ಎರಡೂ ರನ್‌ವೇ 4,000 ಮೀಟರ್, ಶಿವಮೊಗ್ಗದ್ದು 3,200, ಮಂಗಳೂರಿನದು 2,450. ಇಳಿಯುವಾಗ ಅಗ್ನಿಶಾಮಕ ವಾಹನ ಕಂಡ್ರೆ ಗಾಬರಿ ಬೇಡ. ಬ್ರೇಕ್ ವಿಪರೀತ ಬಿಸಿಯಾಗಬಹುದು ಅಂತ ಮುಂಚೆನೇ ಕರೆಸಿರ್ತಾರೆ.

ಇಳಿಯೋ ಅವಸರ ಎಷ್ಟು ಅಪಾಯ ಅಂತ ಮಂಗಳೂರಿನವರಿಗೆ ಗೊತ್ತು. 2010ರ ಮೇ 22ರಂದು ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನದ ಫ್ಲ್ಯಾಪ್ ಕೆಟ್ಟಿರ್ಲಿಲ್ಲ. ಆದ್ರೆ ಅದು ನೆಲ ಮುಟ್ಟುವಷ್ಟರಲ್ಲಿ ಸುಮಾರು 1,600 ಮೀಟರ್ ರನ್‌ವೇ ಮುಗಿದುಹೋಗಿತ್ತು. 'ಮತ್ತೆ ಮೇಲಕ್ಕೆ ಹೋಗೋಣ' ಅಂತ ಸಹ ಪೈಲಟ್ ಎಚ್ಚರಿಸಿದ್ರೂ ಕ್ಯಾಪ್ಟನ್ ಇಳಿಸೋಕೆ ಹೋದ್ರು ಅಂತ ತನಿಖಾ ವರದಿ ಹೇಳಿತು. 158 ಜನ ಹೋದ್ರು, ಎಂಟು ಜನ ಉಳಿದ್ರು.

ಅಮ್ಮನಿಗೆ ಇದನ್ನೆಲ್ಲ ಹೇಳಿದೆ. "ಹಂಗಾದ್ರೆ ಇನ್ನೂ ಹತ್ತು ಸುತ್ತು ಹೊಡೀಲಿ ಬಿಡು, ನಾವು ಕಾಯ್ತೀವಿ" ಅಂದ್ರು. ನಿಮ್ಮ ವಿಮಾನ ಸುತ್ತು ಹೊಡೆದಾಗ್ಲೂ ಈ ಮಾತು ನೆನಪಿರಲಿ. ಮತ್ತೆ ಸಿಗೋಣ.