ಹೋಂಬರಿ ಬೆಟ್ಟದ ಸೈಕಲ್ ಜಾಡುಗಳು: ಕೆಲವು ತಪ್ಪು ಕಲ್ಪನೆಗಳು

ಲಂಡನ್ನಿನ ನೈಋತ್ಯಕ್ಕೆ, ಸರ್ರೆ ಪ್ರಾಂತ್ಯದ ಟಿಲಿಂಗ್‌ಬೋರ್ನ್ ಎಂಬ ಕಿರುಹೊಳೆಯ ಕಣಿವೆಯಲ್ಲಿರುವ ಶಿಯರ್, ಒಂದನೆಯ ವಿಲಿಯಮ್ ದೊರೆ 1086ರಲ್ಲಿ ಮಾಡಿಸಿದ ಡೂಮ್ಸ್‌ಡೇ ಎಂಬ ಭೂಗಣತಿಯಲ್ಲಿಯೇ ದಾಖಲಾಗಿರುವ ಹಳೆಯ ಗ್ರಾಮ. ಅದರ ದಕ್ಷಿಣಕ್ಕೆ ಪಿಚ್, ಹೋಂಬರಿ, ಲೀತ್ ಎಂಬ ಮೂರು ಬೆಟ್ಟಗಳು ಸಾಲುಗಟ್ಟಿ ನಿಂತಿದ್ದು, ಅವುಗಳ ಮಡಿಲಿನ ಪೀಸ್ಲೇಕ್ ಎಂಬ ಹಳ್ಳಿ ಕಳೆದ ಕೆಲವು ದಶಕಗಳಿಂದ ಮೌಂಟನ್ ಬೈಕಿಂಗಿಗೆ, ಅಂದರೆ ದಪ್ಪ ಹಲ್ಲಿನ ಟೈರುಗಳಿರುವ ಗಟ್ಟಿಮುಟ್ಟಾದ ಸೈಕಲ್ಲುಗಳಲ್ಲಿ ಕಾಡುದಾರಿಗಳನ್ನು ಹತ್ತಿಳಿಯುವ ಹವ್ಯಾಸಕ್ಕೆ, ಇಂಗ್ಲೆಂಡಿನ ದಕ್ಷಿಣ ಭಾಗದಲ್ಲೇ ಹೆಸರಾದ ನೆಲೆಯಾಗಿದೆ. ಈ ಬೆಟ್ಟಗಳ ಬಗೆಗೂ ಅಲ್ಲಿಗೆ ಬರುವ ಸವಾರರ ಬಗೆಗೂ ಹಬ್ಬಿರುವ ತಪ್ಪು ತಿಳಿವಳಿಕೆಗಳಲ್ಲಿ ಬಹುಪಾಲು ಒಂದೇ ಬೇರಿನಿಂದ ಚಿಗುರಿದಂತೆ ತೋರುತ್ತವೆ: ಕಾಡು ತಾನಾಗಿ ಬೆಳೆಯಿತು, ಹಾದಿ ತಾನಾಗಿ ಬಿತ್ತು, ಸೈಕಲ್ಲೊಂದೇ ಹೊರಗಿನಿಂದ ನುಗ್ಗಿತು ಎಂಬ ಎಣಿಕೆಯೇ ಆ ಬೇರು.

ಪೈನ್, ಓಕ್, ಬರ್ಚ್ ಮರಗಳು ದಟ್ಟವಾಗಿರುವ ಈ ಇಳಿಜಾರುಗಳನ್ನು ಕಂಡವರು ಅವನ್ನು ಮನುಷ್ಯನ ಕೈ ಸೋಕದ ಆದಿಮ ಅರಣ್ಯವೆಂದು ಬಗೆಯುವುದು ಸಹಜವಾದರೂ, 261 ಮೀಟರ್ ಎತ್ತರದ ಹೋಂಬರಿಯ ನೆತ್ತಿಯಲ್ಲಿ ಉಳಿದಿರುವ ಕಬ್ಬಿಣಯುಗದ ಕೋಟೆಯ ದಿಬ್ಬ ಮತ್ತು ಕಂದಕಗಳು ಬೇರೆಯೇ ಕಥೆ ಹೇಳುತ್ತವೆ; ಸುತ್ತಲಿನ ಬಯಲನ್ನು ಕಾಯಲೆಂದು ಕಟ್ಟಿದ ಕೋಟೆಯನ್ನು ಯಾರೂ ಮರಗಳ ಮರೆಯಲ್ಲಿ ಇರಗೊಡುವುದಿಲ್ಲ. ಶತಮಾನಗಳ ಕಾಲ ಈ ಎತ್ತರದ ನೆಲದ ಬಹುಭಾಗ ‘ಹೀತ್’ ಆಗಿತ್ತು, ಅಂದರೆ ಸಾರವಿಲ್ಲದ ಮರಳುಮಣ್ಣಿನ ಮೇಲೆ ಹೆದರ್ ಎಂಬ ನೇರಳೆ ಹೂವಿನ ಕುರುಚಲೂ ಮುಳ್ಳುಪೊದೆಗಳೂ ಹಬ್ಬಿದ ತೆರೆದ ಬಯಲಾಗಿತ್ತು, ಮತ್ತು ಹಳ್ಳಿಗರು ಅಲ್ಲಿ ದನಕುರಿ ಮೇಯಿಸಿ, ಉರುವಲು ಕಡಿದು ಒಯ್ಯುತ್ತಿದ್ದುದರಿಂದಲೇ ಅದು ಹಾಗೆ ಉಳಿದಿತ್ತು. ಮೇಯಿಸುವುದು ಕಡಿಮೆಯಾದ ಮೇಲೆ ಕೆಲವೆಡೆ ಗಾಳಿಗೆ ಬಿದ್ದ ಬೀಜದಿಂದಲೂ ಕೆಲವೆಡೆ ನೆಟ್ಟ ಸಸಿಗಳಿಂದಲೂ ಮರಗಳೆದ್ದವು. ಪೀಸ್ಲೇಕ್ ಸುತ್ತಲಿನ ‘ಹರ್ಟ್‌ವುಡ್’ ಎಂಬ ಕಾಡಿನ ಹೆಸರಿಗೂ ಗಾಯ ಅಥವಾ ನೋವು ಎಂಬ ಇಂಗ್ಲಿಷ್ ಅರ್ಥಕ್ಕೂ ಸಂಬಂಧವಿಲ್ಲ. ಅಲ್ಲಿನ ನೆಲದಲ್ಲಿ ಹರಡಿ ಬೆಳೆಯುವ ಬಿಲ್ಬೆರಿ ಎಂಬ ಕಪ್ಪುನೀಲಿ ಕಾಡುಹಣ್ಣನ್ನು ಊರವರು ‘ಹರ್ಟ್’ ಎಂದು ಕರೆಯುತ್ತಿದ್ದರು.

ಕಣಿವೆಯ ಕೆಳಭಾಗದ ಮರಗಳಿಗಂತೂ ಕಾಡೆನಿಸಿಕೊಂಡು ನೆಮ್ಮದಿಯಿಂದಿರುವ ಭಾಗ್ಯವೇ ಇರಲಿಲ್ಲ. ಚೆಸ್ಟ್‌ನಟ್ ಮೊದಲಾದ ಮರಗಳನ್ನು ಬುಡಕ್ಕೆ ಕಡಿದು, ಕರ್ನಾಟಕದ ನೀಲಗಿರಿ ತೋಪುಗಳಲ್ಲಿ ಮಾಡುವಂತೆ ಚಿಗುರಿಸಿ, ಕೆಲವು ವರ್ಷಗಳಿಗೊಮ್ಮೆ ಮತ್ತೆ ಕಡಿಯುವ ‘ಕಾಪಿಸಿಂಗ್’ ಪದ್ಧತಿ ಇಲ್ಲಿ ಬಹುಕಾಲ ನಡೆಯಿತು. ಹೊಳೆಯ ನೀರಿನಿಂದ ತಿರುಗುವ ಚಕ್ರಗಳು ಕಬ್ಬಿಣ ಬಡಿಯುವ ಸುತ್ತಿಗೆಗಳನ್ನು ನಡೆಸುತ್ತಿದ್ದುದರ ಗುರುತು ಆ್ಯಬಿಂಜರ್ ಹ್ಯಾಮರ್ ಎಂಬ ಊರ ಹೆಸರಿನಲ್ಲಿದೆ. ಅದೇ ಕಣಿವೆಯ ಚಿಲ್‌ವರ್ತ್‌ನಲ್ಲಿ 1626ರಲ್ಲಿ ಕೋವಿಮದ್ದಿನ ಕಾರ್ಖಾನೆ ತೆರೆದದ್ದು ಬೇರಾರೂ ಅಲ್ಲ, ಭಾರತಕ್ಕೆ ಚೆನ್ನಾಗಿ ಪರಿಚಯವಿರುವ ಈಸ್ಟ್ ಇಂಡಿಯಾ ಕಂಪನಿ. ಮದ್ದಿಗೆ ಬೇಕಾದ ಮೂರು ವಸ್ತುಗಳಲ್ಲಿ ಪೆಟ್ಲುಪ್ಪು ಮತ್ತು ಗಂಧಕದೊಡನೆ ಬೆರೆಯುವ ಮೂರನೆಯದು ಮರದ ಇದ್ದಿಲು. ಲೀತ್ ಬೆಟ್ಟದ ಬುಡದ ವಾಟನ್‌ನಲ್ಲಿ 1620ರಲ್ಲಿ ಹುಟ್ಟಿ, ಮರಗಳನ್ನು ನೆಟ್ಟು ಬೆಳೆಸಬೇಕೆಂದು ವಾದಿಸುವ ‘ಸಿಲ್ವಾ’ ಎಂಬ ಗ್ರಂಥವನ್ನು 1664ರಲ್ಲಿ ಹೊರತಂದ ಜಾನ್ ಈವ್ಲಿನ್‌ನ ಮನೆತನದ ಸಿರಿವಂತಿಕೆಗೆ ಕೋವಿಮದ್ದೇ ಅಡಿಪಾಯವಾಗಿತ್ತೆಂಬುದು ಇತಿಹಾಸದ ಸಣ್ಣ ಕುಚೋದ್ಯ.

ಹೀಗಿರುವಾಗ, ಬೆಟ್ಟದ ಮೇಲೆ ಎಲ್ಲಿಯಾದರೂ ಪೈನ್ ಮರಗಳನ್ನು ಉರುಳಿಸುವುದು ಕಂಡರೆ ನಿಸರ್ಗನಾಶವೆಂದು ಹೌಹಾರುವವರು ಅರ್ಧ ಸತ್ಯವನ್ನಷ್ಟೇ ಕಂಡಿರುತ್ತಾರೆ; ಹೀತ್ ತೆರೆದ ಬಯಲಾಗಿ ಉಳಿಯಬೇಕಾದರೆ ಮರ ತೆಗೆಯಲೇಬೇಕು. ನತ್ತಿಂಗ ಜಾತಿಯ ಒಂದು ಹಕ್ಕಿ ಬೇಸಿಗೆಯಲ್ಲಿ ಆಫ್ರಿಕದಿಂದ ಬಂದು ಇಂತಹ ಹೀತ್‌ಗಳ ಬರಿನೆಲದ ಮೇಲೆ ಮೊಟ್ಟೆಯಿಡುವುದರಿಂದ, ಅದಕ್ಕೆ ಮರ ಕಡಿಯುವವನಿಗಿಂತ ಜಾಡು ಬಿಟ್ಟು ಪೊದೆಗಳ ನಡುವೆ ನುಗ್ಗುವ ನಾಯಿ, ಚಾರಣಿಗ ಮತ್ತು ಸವಾರರೇ ಹೆಚ್ಚಿನ ಕಂಟಕ.

ಇನ್ನು ಒಡೆತನದ ವಿಷಯ. ಈ ಬೆಟ್ಟಗಳಲ್ಲಿ ‘ಕಾಮನ್’ ಎಂದು ಕರೆಯುವ ನೆಲ ವಿಸ್ತಾರವಾಗಿದ್ದು, ಹೆಸರೇ ಹೇಳುವಂತೆ ಅದು ಎಲ್ಲರ ಸೊತ್ತು, ಹಾಗಾಗಿ ಯಾರು ಎಲ್ಲಿ ಬೇಕಾದರೂ ಸೈಕಲ್ ಹೊಡೆಯಬಹುದು ಎಂಬ ನಂಬಿಕೆ ಇಂಗ್ಲಿಷರಲ್ಲೇ ವ್ಯಾಪಕವಾಗಿದೆ. ಕನ್ನಡ ಓದುಗರು ಅದನ್ನು ಗೋಮಾಳವೆಂದು ಅರ್ಥಮಾಡಿಕೊಂಡರೂ ತಪ್ಪಾಗುತ್ತದೆ. ಗೋಮಾಳವು ಊರ ದನಗಳಿಗೆಂದು ಕಾದಿರಿಸಿದ ಸರ್ಕಾರಿ ಭೂಮಿ. ಇಂಗ್ಲೆಂಡಿನ ಕಾಮನ್‌ಗಾದರೋ ಸಾಮಾನ್ಯವಾಗಿ ಒಬ್ಬ ಒಡೆಯನಿರುತ್ತಾನೆ, ಕೆಲವು ನಿರ್ದಿಷ್ಟ ಮನೆಗಳವರಿಗೆ ಅಲ್ಲಿ ಮೇಯಿಸುವ ಅಥವಾ ಸೌದೆ ಆಯುವ ಹಕ್ಕು ಇರುತ್ತದೆ, ಉಳಿದ ಜನರಿಗೆ ಮೂಲತಃ ಯಾವ ಹಕ್ಕೂ ಇರಲಿಲ್ಲ. ಹದಿನೈದನೆಯ ಶತಮಾನದ ಕೊನೆಯಿಂದ ಶಿಯರ್ ಸೀಮೆಯ ಒಡೆತನ ಹೊಂದಿದ್ದ ಬ್ರೇ ಮನೆತನದ ರೆಜಿನಾಲ್ಡ್ ಬ್ರೇ ಎಂಬವರು, ಸಾರ್ವಜನಿಕರು ಗಾಳಿ ಸೇವನೆಗೂ ವ್ಯಾಯಾಮಕ್ಕೂ ಕಾಮನ್‌ಗಳನ್ನು ಬಳಸಲು ಅವಕಾಶ ಕೊಟ್ಟ 1925ರ ಆಸ್ತಿ ಕಾಯಿದೆಯ ಅಡಿಯಲ್ಲಿ, ಹರ್ಟ್‌ವುಡ್ಡನ್ನು 1926ರಲ್ಲಿ ತಾವಾಗಿಯೇ ಜನರಿಗೆ ತೆರೆದರು; ಅದನ್ನು ನೋಡಿಕೊಳ್ಳಲು ಆಗ ಹುಟ್ಟಿದ ‘ಹರ್ಟ್‌ವುಡ್ ಕಂಟ್ರೋಲ್’ ಎಂಬ ಸಂಸ್ಥೆ ಇಂದಿಗೂ ಬಹುಪಾಲು ದೇಣಿಗೆಯ ಬಲದಿಂದ ನಡೆಯುತ್ತಿದೆ. ಅಂದರೆ ಪೀಸ್ಲೇಕ್‌ನ ಸವಾರರು ಉಣ್ಣುತ್ತಿರುವುದು ಹುಟ್ಟಿನಿಂದ ಬಂದ ಹಕ್ಕಿನ ಫಲವನ್ನಲ್ಲ, ಒಬ್ಬ ಭೂಮಾಲೀಕ ಬಾಗಿಲು ತೆರೆದಿಟ್ಟದ್ದರ ಫಲವನ್ನು.

ಎಲ್ಲ ಒಡೆಯರ ಮನಸ್ಸೂ ಅಷ್ಟು ಸಲೀಸಾಗಿ ತೆರೆಯುವುದಿಲ್ಲ. ‘ಎ ಪ್ಯಾಸೇಜ್ ಟು ಇಂಡಿಯಾ’ ಕಾದಂಬರಿಯಿಂದ ಬಂದ ಹಣದಲ್ಲಿ ಆ್ಯಬಿಂಜರ್ ಬಳಿ ಪುಟ್ಟ ಕಾಡೊಂದನ್ನು ಕೊಂಡ ಇ. ಎಂ. ಫಾರ್ಸ್ಟರ್, ಅದರ ನಡುವೆ ಹಾಯುವ ಸಾರ್ವಜನಿಕ ಕಾಲುದಾರಿಯೂ ಹಣ್ಣು ಕೀಳುವ ದಾರಿಹೋಕರೂ ಒಡೆಯನೊಬ್ಬನಲ್ಲಿ ಹುಟ್ಟಿಸುವ ಕಸಿವಿಸಿಯನ್ನು ‘ಮೈ ವುಡ್’ ಎಂಬ 1926ರ ಪ್ರಬಂಧದಲ್ಲಿ ತನ್ನನ್ನೇ ಗೇಲಿ ಮಾಡಿಕೊಂಡು ಬರೆದಿದ್ದಾನೆ. ಭಾರತದ ಹಲವು ಕಾಲೇಜುಗಳಲ್ಲಿ ಪಠ್ಯವಾಗಿ ಓದಿಸಿದ ಆ ಪ್ರಬಂಧದ ಕಾಡು ಇರುವುದು ಇದೇ ಕಣಿವೆಯಲ್ಲಿ.

ಕಾಡಿನಲ್ಲಿ ದಾರಿ ಕಂಡಲ್ಲೆಲ್ಲ ಸೈಕಲ್ಲಿಗೆ ಪ್ರವೇಶವಿದೆಯೆಂಬುದೂ, ಅದಕ್ಕೆ ವಿರುದ್ಧವಾಗಿ, ನಿಷೇಧವಿರುವ ದಾರಿಯಲ್ಲಿ ಹೋದವನು ಅಪರಾಧಿಯೆಂಬುದೂ ಎರಡೂ ತಪ್ಪು. ಇಂಗ್ಲೆಂಡ್ ಮತ್ತು ವೇಲ್ಸ್‌ನ ಕಾನೂನು ‘ಫುಟ್‌ಪಾತ್’ ಎಂಬ ಕಾಲುದಾರಿಯನ್ನೂ, ‘ಬ್ರೈಡಲ್‌ವೇ’ ಎಂಬ ಕುದುರೆದಾರಿಯನ್ನೂ ಬೇರೆಬೇರೆಯಾಗಿ ಕಾಣುತ್ತದೆ. 1968ರ ಗ್ರಾಮಾಂತರ ಕಾಯಿದೆಯ 30ನೆಯ ಕಲಮು ಕುದುರೆದಾರಿಯಲ್ಲಿ ಸೈಕಲ್ ನಡೆಸುವ ಹಕ್ಕನ್ನು ಕೊಟ್ಟಿತಾದರೂ, ಸವಾರನು ನಡೆಯುವವರಿಗೂ ಕುದುರೆಯವರಿಗೂ ದಾರಿ ಬಿಡಲೇಬೇಕೆಂದು ವಿಧಿಸಿತು. ಜೊತೆಗೆ, ಸೈಕಲ್ಲಿಗೆ ಅನುಕೂಲವಾಗುವಂತೆ ದಾರಿಯನ್ನು ಸುಧಾರಿಸುವ ಹೊಣೆ ಯಾರ ಮೇಲೂ ಇಲ್ಲವೆಂದು ಜಾಣತನದಿಂದ ಸೇರಿಸಿತು. ಕಾಲುದಾರಿಯಲ್ಲಿ ಅನುಮತಿಯಿಲ್ಲದೆ ಸೈಕಲ್ ತುಳಿಯುವುದು ಸಾಮಾನ್ಯವಾಗಿ ಅತಿಕ್ರಮ ಪ್ರವೇಶವೆನಿಸುತ್ತದೆ, ಅಂದರೆ ಭೂಮಾಲೀಕನು ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಬಹುದಾದ ತಪ್ಪೇ ಹೊರತು, ಸ್ಥಳೀಯ ಉಪನಿಯಮವೇನೂ ಅಡ್ಡಬಾರದಿದ್ದರೆ, ಪೊಲೀಸರು ಹಿಡಿದೊಯ್ಯುವ ಅಪರಾಧವಲ್ಲ. ಸ್ಕಾಟ್ಲೆಂಡಿನಲ್ಲಿ 2003ರ ಭೂಸುಧಾರಣಾ ಕಾಯಿದೆ ಹೊಣೆಯರಿತ ಸವಾರನಿಗೆ ಬಹುತೇಕ ಎಲ್ಲ ನೆಲವನ್ನೂ ತೆರೆದಿರುವುದರಿಂದ, ಒಂದೇ ದೇಶವೆಂದುಕೊಂಡು ಅಲ್ಲಿನ ನಿಯಮವನ್ನು ಇಲ್ಲಿಗೆ ಅನ್ವಯಿಸಿಕೊಂಡವರೂ ಉಂಟು.

ಎಲ್ಲಕ್ಕಿಂತ ಬಿಸಿಯಾದ ವಾದ ನಡೆಯುವುದು ಸವಕಳಿಯ ಬಗ್ಗೆ. ಶಿಯರ್‌ನಿಂದ ಬೆಟ್ಟ ಹತ್ತುವ ಕೆಲವು ದಾರಿಗಳು ಎರಡೂ ಬದಿಯ ನೆಲಕ್ಕಿಂತ ಹಲವು ಅಡಿ ಕೆಳಗಿದ್ದು, ಮರದ ಬೇರುಗಳು ತಲೆಯ ಮೇಲೆ ಜೋತುಬಿದ್ದಿರುವ ಸುರಂಗಗಳಂತೆ ಕಾಣುತ್ತವೆ. ಇವನ್ನು ‘ಹಾಲೋವೇ’ ಎನ್ನುತ್ತಾರೆ; ಕೊಡಗಿನವರು ಕಂಡರೆ ಥಟ್ಟನೆ ಓಣಿಯೆಂದಾರು. ಇವನ್ನು ಯಾರೋ ಅಗೆದು ಮಾಡಿದರೆಂಬುದು ಸಾಮಾನ್ಯ ಊಹೆ. ಕೊಡಗಿನ ಕಡಂಗಗಳು ರಕ್ಷಣೆಗೆಂದು ಅಗೆದ ಕಂದಕಗಳು, ನಿಜ; ಹಾಲೋವೇಗಳನ್ನಾದರೋ ಯಾರೂ ಅಗೆಯಲಿಲ್ಲ, ಗೊರಸು ಮತ್ತು ಬಂಡಿಚಕ್ರಗಳು ಮೆದು ಮರಳುಗಲ್ಲನ್ನು ಪುಡಿಮಾಡುತ್ತ, ಮಳೆನೀರು ಆ ಪುಡಿಯನ್ನು ಒಯ್ಯುತ್ತ, ನೂರಾರು ವರ್ಷಗಳಲ್ಲಿ ಅವು ತಗ್ಗಾದವು. ಇಂದು ಚಿತ್ರಕಾರರೂ ಪ್ರವಾಸಿಗರೂ ಮೆಚ್ಚಿ ನೋಡುವ ಆ ಓಣಿಗಳು ಸವಕಳಿಯ ಸ್ಮಾರಕಗಳೇ ಆಗಿದ್ದು, ಸೈಕಲ್ ಹುಟ್ಟುವ ಮೊದಲೇ ಅವು ಆಳಕ್ಕಿಳಿದಿದ್ದವು.

ಹಾಗೆಂದು ಚಕ್ರ ನಿರಪರಾಧಿಯೆಂದು ಘೋಷಿಸಿಬಿಡುವುದೂ ಅವಸರದ ಮಾತು. ಅಮೆರಿಕದ ಮೊಂಟಾನಾದಲ್ಲಿ ಮಾಡಿ 1994ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ನೆನೆದ ಜಾಡಿನ ಮಣ್ಣನ್ನು ಸೈಕಲ್ ಚಕ್ರಗಳಿಗಿಂತ ಕುದುರೆಯ ಗೊರಸುಗಳೂ ಮನುಷ್ಯರ ಬೂಟುಗಳೂ ಹೆಚ್ಚು ಸಡಿಲಿಸಿದವು. ಕೆನಡಾದ ಒಂಟಾರಿಯೋದ ಎಲೆ ಉದುರುವ ಕಾಡೊಂದರಲ್ಲಿ ಮಾಡಿ 2001ರಲ್ಲಿ ಪ್ರಕಟಿಸಿದ ಇನ್ನೊಂದು ಪ್ರಯೋಗದಲ್ಲಿ, ಸೈಕಲ್ಲನ್ನೂ ನಡಿಗೆಯನ್ನೂ 500 ಸಲದವರೆಗೆ ಹಾಯಿಸಿ ನೋಡಿದಾಗ ಗಿಡಗಳಿಗೂ ಮಣ್ಣಿಗೂ ಆದ ಹಾನಿ ಹೆಚ್ಚುಕಡಿಮೆ ಸಮವಾಗಿತ್ತು. ಆದರೆ ಈ ಹೋಲಿಕೆಯಲ್ಲಿ ಒಂದು ಸಲದ ಹಾಯುವಿಕೆಗೆ ಒಂದು ಸಲದ ಹಾಯುವಿಕೆಯನ್ನು ತೂಗಲಾಗಿದೆ. ಸವಾರನು ಒಂದು ಮಧ್ಯಾಹ್ನದಲ್ಲಿ ಚಾರಣಿಗನ ಎರಡು ಮೂರು ಪಟ್ಟು ದೂರ ಕ್ರಮಿಸುವುದೂ, ಇಳಿಜಾರಿನಲ್ಲಿ ಹಿಂಚಕ್ರಕ್ಕೆ ಬ್ರೇಕು ಬಿಗಿದು ಜಾರಿದಾಗ ಟೈರು ನೇಗಿಲಿನಂತೆ ನೆಲ ಸೀಳುವುದೂ ಆ ಲೆಕ್ಕಕ್ಕೆ ಸಿಗುವುದಿಲ್ಲ.

ಒಣ ದಿನವೇ ಸವಾರಿಗೆ ಒಳ್ಳೆಯದು, ಮಳೆಗಾಲದಲ್ಲಿ ಎಲ್ಲ ಬೆಟ್ಟವೂ ಕೆಸರು ಎಂಬ ಮಾತನ್ನು ಇಲ್ಲಿನ ಭೂವಿಜ್ಞಾನ ಒಪ್ಪುವುದಿಲ್ಲ. ಉತ್ತರದಿಂದ ದಕ್ಷಿಣಕ್ಕೆ ಕೆಲವೇ ಕಿಲೋಮೀಟರುಗಳಲ್ಲಿ ಮೂರು ಬಗೆಯ ನೆಲ ಎದುರಾಗುತ್ತದೆ: ಶಿಯರ್‌ನ ಉತ್ತರಕ್ಕಿರುವ ಏರು ಸೀಮೆಸುಣ್ಣದ ಕಲ್ಲಿನದು, ನಡುವಿನ ಮೂರು ಬೆಟ್ಟಗಳು ಗ್ರೀನ್‌ಸ್ಯಾಂಡ್ ಎಂಬ ಮರಳುಗಲ್ಲಿನವು, ಅವುಗಳ ದಕ್ಷಿಣದ ತಗ್ಗು ಜೇಡಿಯದು. ಸುಣ್ಣದ ಕಲ್ಲು ನೆನೆದರೆ ಸಾಬೂನಿನಂತೆ ಜಾರುತ್ತದೆ, ಜೇಡಿ ಚಕ್ರಕ್ಕೆ ಮೆತ್ತಿಕೊಂಡು ಸೈಕಲ್ಲನ್ನೇ ನಿಲ್ಲಿಸುತ್ತದೆ, ಮರಳುಮಣ್ಣಾದರೋ ನೀರನ್ನು ಬೇಗ ಇಂಗಿಸಿ ಚಳಿಗಾಲದಲ್ಲೂ ಗಟ್ಟಿಯಾಗಿರುತ್ತದೆ ಮತ್ತು ಅತಿಯಾಗಿ ಒಣಗಿದಾಗಲೇ ಕಾಲಡಿಯಲ್ಲಿ ಕುಸಿಯುತ್ತದೆ. ಪೀಸ್ಲೇಕ್‌ಗೆ ವರ್ಷವಿಡೀ ಸವಾರರು ಬರುವುದರ ಗುಟ್ಟು ಇದೇ. ‘ಹಸಿರು ಮರಳು’ ಎಂಬ ಹೆಸರನ್ನು ನಂಬಿ ಹಸಿರು ಹುಡುಕುವವರಿಗೆ ಸಿಗುವುದು ಮಾತ್ರ ತುಕ್ಕಿನ ಬಣ್ಣ, ಏಕೆಂದರೆ ಕಲ್ಲಿನಲ್ಲಿರುವ ಗ್ಲಾಕೊನೈಟ್ ಎಂಬ ಹಸಿರು ಖನಿಜದ ಕಬ್ಬಿಣಾಂಶ ಗಾಳಿಗೊಡ್ಡಿದಾಗ ಕೆಂಪಾಗುತ್ತದೆ.

‘ಬ್ಯಾರಿ ನೋಸ್ ಬೆಸ್ಟ್’, ‘ಯೋಗರ್ಟ್ ಪಾಟ್ಸ್’ ಎಂಬ ತುಂಟ ಹೆಸರುಗಳ ಹೋಂಬರಿಯ ಜಾಡುಗಳು ಹುಡುಗರು ಓಡಾಡಿ ಓಡಾಡಿ ತಾವಾಗಿ ಬಿದ್ದ ಗೀರುಗಳೆಂದು ತಿಳಿಯುವವರಿಗೆ, ಒಳ್ಳೆಯ ಜಾಡಿನ ಹಿಂದಿರುವ ಜಲಶಾಸ್ತ್ರ ಅಚ್ಚರಿಯೆನಿಸಬಹುದು. ಜಾಡು ಕಡಿಯುವವರ ಮೊದಲ ಶತ್ರು ನೀರು. ಬೆಟ್ಟದ ನೆತ್ತಿಯಿಂದ ನೇರ ಕೆಳಗಿಳಿಯುವ ದಾರಿ ಮೊದಲ ಜಡಿಮಳೆಗೆ ಕಾಲುವೆಯಾಗುವುದರಿಂದ, ಜಾಡನ್ನು ಇಳಿಜಾರಿಗೆ ಅಡ್ಡಲಾಗಿ ಎಳೆಯುತ್ತಾರೆ. ಅದರ ವಾಟ ಪಕ್ಕದ ಗುಡ್ಡದ ವಾಟದ ಅರ್ಧಕ್ಕಿಂತ ಕಡಿದಾಗಿರಬಾರದೆಂಬುದು ಅವರ ಅಂದಾಜಿನ ಲೆಕ್ಕ. ಹೊರ ಅಂಚನ್ನು ತುಸು ತಗ್ಗಿಸಿ, ಅಲ್ಲಲ್ಲಿ ಇಳಿಯುವ ದಾರಿಯನ್ನು ಒಮ್ಮೆ ಮೇಲಕ್ಕೆ ಬಾಗಿಸಿ ಮತ್ತೆ ಇಳಿಸಿದರೆ ನೀರು ಆ ತಗ್ಗಿನಲ್ಲಿ ಪಕ್ಕಕ್ಕೆ ಹರಿದುಹೋಗುತ್ತದೆ. ಸವಾರನಿಗೆ ಉಲ್ಲಾಸ ಕೊಡಲೆಂದು ಮಾಡಿದಂತೆ ಕಾಣುವ ಉಬ್ಬುತಗ್ಗುಗಳಲ್ಲಿ ಎಷ್ಟೋ ನೀರಿಗಾಗಿ ಮಾಡಿದವು. ತಿರುವಿನ ಹೊರಬದಿಗೆ ಕಟ್ಟುವ ‘ಬರ್ಮ್’ ಎಂಬ ಮಣ್ಣಿನ ಒಡ್ಡೂ ಬರಿಯ ಸಾಹಸಕ್ಕಲ್ಲ. ಅದರ ಆಸರೆಯಿದ್ದರೆ ಬ್ರೇಕಿನ ಹಂಗಿಲ್ಲದೆ ತಿರುಗಬಹುದು, ನೆಲ ಉಳಿಯುತ್ತದೆ. ಒಡೆಯರ ಒಪ್ಪಿಗೆ ಪಡೆದು ಗುದ್ದಲಿ ಹಿಡಿಯುವ ಸ್ವಯಂಸೇವಕರು ಇಂತಹ ದುರಸ್ತಿಗೆ ರಜಾದಿನಗಳನ್ನು ಕಳೆಯುತ್ತಾರೆ, ಒಪ್ಪಿಗೆಯಿಲ್ಲದೆ ರಾತ್ರೋರಾತ್ರಿ ಜಾಡು ಕಡಿಯುವವರ ಕೆಲಸ ಹಾಗೆ ಬಾಳುವುದು ಅಪರೂಪ.

ಈ ಆಟವೇ ಕ್ಯಾಲಿಫೋರ್ನಿಯಾದಿಂದ ಆಮದಾದ ಪರದೇಶಿ ಎಂಬ ಮಾತಿನಲ್ಲಿ ಸೈಕಲ್ಲಿನ ಮಟ್ಟಿಗೆ ಸತ್ಯವಿದೆ. ಅಲ್ಲಿನ ಫೇರ್‌ಫ್ಯಾಕ್ಸ್ ಬಳಿಯ ಗುಡ್ಡದಲ್ಲಿ 1976ರ ಅಕ್ಟೋಬರ್ 21ರಂದು ಶುರುವಾದ ‘ರೀಪ್ಯಾಕ್’ ಪಂದ್ಯಕ್ಕೆ ಆ ಹೆಸರು ಬಂದದ್ದು, ಇಳಿತದಲ್ಲಿ ಬ್ರೇಕಿನ ಬಿಸಿಗೆ ಹಳೆಯ ಸೈಕಲ್ಲುಗಳ ಚಕ್ರದ ನಡುವಿನ ಹಬ್‌ನ ಗ್ರೀಸು ಹೊಗೆಯಾಗಿ ಹೋಗಿ ಪ್ರತಿ ಸಲವೂ ಹೊಸದಾಗಿ ತುಂಬಬೇಕಾಗುತ್ತಿದ್ದುದರಿಂದ. ಮರುವರ್ಷ ಆ ಸವಾರರಲ್ಲೊಬ್ಬನಾದ ಜೋ ಬ್ರೀಜ್ ಇಂತಹ ಸವಾರಿಗೆಂದೇ ಸೈಕಲ್ ಚೌಕಟ್ಟು ಕಟ್ಟಿದ. ಸವಾರಿ ಮಾತ್ರ ಅದಕ್ಕಿಂತ ಹಳೆಯದು. ಬೆಟ್ಟದ ಕಚ್ಚಾದಾರಿಗಳಲ್ಲಿ ಸಾದಾ ಸೈಕಲ್ಲನ್ನು ತುಳಿಯುತ್ತ, ಆಗದೆಡೆ ಹೆಗಲಿಗೇರಿಸಿಕೊಂಡು ಹೋಗುವವರ ‘ರಫ್ ಸ್ಟಫ್ ಫೆಲೋಶಿಪ್’ ಇಂಗ್ಲೆಂಡಿನಲ್ಲಿ 1955ರಲ್ಲೇ ಹುಟ್ಟಿತ್ತು.

ತೀರ ಈಚಿನ ಗೊಂದಲ ವಿದ್ಯುತ್ ಸೈಕಲ್ಲಿನದು. ಮೋಟಾರಿದ್ದ ಮೇಲೆ ಅದು ಮೋಟಾರು ವಾಹನವೇ ಎಂದು ಕಾಡಿನ ದಾರಿಯಲ್ಲಿ ತಡೆಯುವವರಿದ್ದಾರೆ. ಬ್ರಿಟನ್ನಿನ ನಿಯಮದಂತೆ, ಪೆಡಲು ತುಳಿದಾಗ ನೆರವಾಗುವ ಮೋಟಾರಿನ ನಿರಂತರ ಶಕ್ತಿ 250 ವ್ಯಾಟ್ ಮೀರದೆ, ಗಂಟೆಗೆ ಸುಮಾರು 25 ಕಿಲೋಮೀಟರ್ ವೇಗದಲ್ಲಿ ಆ ನೆರವು ನಿಂತುಹೋಗುವಂತಿದ್ದರೆ, 14 ತುಂಬಿದವರು ನಡೆಸಬಹುದಾದ ಆ ಯಂತ್ರ ಕಾನೂನಿನ ಕಣ್ಣಿಗೆ ಸೈಕಲ್ಲೇ. ಈ ಮಿತಿ ಮೀರಿದ್ದು ಮಾತ್ರ ನೋಂದಣಿ, ವಿಮೆ, ಪರವಾನಗಿ ಬೇಕಾದ ವಾಹನವಾಗುತ್ತದೆ, ಕುದುರೆದಾರಿಗೆ ಇಳಿಯುವಂತಿಲ್ಲ. ಮಿತಿಯೊಳಗಿನದು ಇಳಿಯಬಹುದು, ಎದುರಿಗೆ ಕುದುರೆ ಬಂದರೆ ಉಳಿದ ಸೈಕಲ್ಲುಗಳಂತೆ ಪಕ್ಕಕ್ಕೆ ನಿಲ್ಲಬೇಕು.