ಮುಚ್ಚಿದ ಬಾಗಿಲ ಹಿಂದಿನ ತಪ್ಪನ್ನು ಕೇಳುವವರು ಯಾರು?

ಕಿರಾಣಿ ಅಂಗಡಿಯ ತಕ್ಕಡಿಗೆ ತೂಕ-ಅಳತೆ ಇಲಾಖೆಯ ಮುದ್ರೆ ಇರುತ್ತದೆ. ಅನುಮಾನ ಬಂದರೆ ಅದೇ ಸಕ್ಕರೆಯನ್ನು ಪಕ್ಕದಂಗಡಿಯಲ್ಲಿ ತೂಗಿಸಿ ನೋಡಬಹುದು. ಶಸ್ತ್ರಚಿಕಿತ್ಸೆಯಲ್ಲಿ ಎಡವಟ್ಟಾದರೆ ಎಕ್ಸ್‌ರೇ, ಸ್ಕ್ಯಾನ್, ಆಸ್ಪತ್ರೆಯ ಕಡತಗಳು ಸಾಕ್ಷಿ ನುಡಿಯುತ್ತವೆ. ಆದರೆ ಬಾಗಿಲು ಮುಚ್ಚಿದ ಕೋಣೆಯಲ್ಲಿ ಇಬ್ಬರೇ ಕುಳಿತು, ಒಬ್ಬರು ತಮ್ಮ ಬದುಕಿನ ಗುಟ್ಟನ್ನೆಲ್ಲ ಬಿಚ್ಚಿಡುವ, ಇನ್ನೊಬ್ಬರು ಕೇಳಿಸಿಕೊಂಡು ದಾರಿ ಹೇಳುವ ವೃತ್ತಿಯಲ್ಲಿ ತಪ್ಪು ನಡೆದರೆ? ಅಲ್ಲಿ ಮೂರನೆಯ ಸಾಕ್ಷಿ ಇಲ್ಲ. ದೂರು ಕೊಡಬೇಕಾದವರು ಮೊದಲೇ ನೊಂದು ಬಂದವರು.

ಮನಶ್ಶಾಸ್ತ್ರಜ್ಞರ ವೃತ್ತಿ ಇಂಥದು. ಮನೋವೈದ್ಯರು ಮತ್ತು ಮನಶ್ಶಾಸ್ತ್ರಜ್ಞರು ಒಂದೇ ಎಂದು ನಮ್ಮಲ್ಲಿ ಅನೇಕರು ತಿಳಿಯುತ್ತಾರೆ. ಮನೋವೈದ್ಯರು ವೈದ್ಯಕೀಯ ಪದವಿ ಪಡೆದು, ಆಮೇಲೆ ಮನೋರೋಗ ಚಿಕಿತ್ಸೆಯಲ್ಲಿ ವಿಶೇಷ ವ್ಯಾಸಂಗ ಮಾಡಿದವರು, ಔಷಧಿ ಬರೆದುಕೊಡುತ್ತಾರೆ. ಚಿಕಿತ್ಸಾ ಮನಶ್ಶಾಸ್ತ್ರಜ್ಞರು ಮನಶ್ಶಾಸ್ತ್ರ ಓದಿದವರು. ಮಾತು ಮತ್ತು ಮಾನಸಿಕ ಪರೀಕ್ಷೆಗಳೇ ಅವರ ಸಲಕರಣೆ. ವೈದ್ಯರನ್ನು ಹದ್ದಿನಲ್ಲಿಡುವ ಮಂಡಳಿಗಳು ಹಳೆಯವು. ಮನಶ್ಶಾಸ್ತ್ರಜ್ಞರಿಗೆ ಲೈಸೆನ್ಸ್ ಕೊಟ್ಟು, ತಪ್ಪಿದರೆ ಕಿತ್ತುಕೊಳ್ಳುವ ಪದ್ಧತಿಗೆ ಇನ್ನೂ ನೂರು ವರ್ಷ ತುಂಬಿಲ್ಲ. ಈ ಪದ್ಧತಿ ವಿಸ್ತಾರವಾಗಿ ಬೆಳೆದ ಅಮೆರಿಕದಲ್ಲಿ ಅದು ಎಲ್ಲಿ ಫಲ ಕೊಟ್ಟಿತು, ಎಲ್ಲಿ ಕೈಕೊಟ್ಟಿತು ಎಂಬುದನ್ನು ನೋಡಿದರೆ ನಮಗೂ ಕಲಿಯುವುದಿದೆ.

ಹೆಸರಿನ ರಕ್ಷಣೆಯಿಂದ ಆರಂಭ

ಎರಡನೆಯ ಮಹಾಯುದ್ಧದಿಂದ ಮರಳಿದ ಸೈನಿಕರಲ್ಲಿ ದೊಡ್ಡ ಸಂಖ್ಯೆಯ ಜನರಿಗೆ ಮಾನಸಿಕ ಆರೈಕೆ ಬೇಕಿತ್ತು. ಅದುವರೆಗೆ ಹೆಚ್ಚಾಗಿ ವಿಶ್ವವಿದ್ಯಾಲಯಗಳ ಪ್ರಯೋಗಶಾಲೆಯಲ್ಲಿದ್ದ ಮನಶ್ಶಾಸ್ತ್ರ ಆಸ್ಪತ್ರೆಗೂ ಖಾಸಗಿ ಕೋಣೆಗೂ ಬಂತು. ಜೊತೆಗೇ ಬೋರ್ಡು ತಗುಲಿಸಿಕೊಂಡ ಅರೆಬರೆ ಪಂಡಿತರೂ ಬಂದರು. 1945ರಲ್ಲಿ ಕನೆಕ್ಟಿಕಟ್ ರಾಜ್ಯ ಮನಶ್ಶಾಸ್ತ್ರಜ್ಞರ ಕುರಿತು ಮೊದಲ ಕಾನೂನು ಮಾಡಿತು. ಒಂದೊಂದಾಗಿ ಉಳಿದ ರಾಜ್ಯಗಳೂ ಅದೇ ದಾರಿ ಹಿಡಿದವು. 1977ರಲ್ಲಿ ಮಿಸ್ಸೌರಿ ಕೊನೆಯದಾಗಿ ಸೇರಿಕೊಂಡಿತು. ಆರಂಭದ ಹಲವು ಕಾನೂನುಗಳು ಕಾಪಾಡಿದ್ದು ಹೆಸರನ್ನು ಮಾತ್ರ: ಅರ್ಹತೆ ಇಲ್ಲದವರು ‘ಮನಶ್ಶಾಸ್ತ್ರಜ್ಞ’ ಎಂದು ಹಾಕಿಕೊಳ್ಳುವಂತಿಲ್ಲ, ಅಷ್ಟೇ. ಕೆಲಸಕ್ಕೇ ಲೈಸೆನ್ಸ್ ಬೇಕೆಂಬ ನಿಯಮ ಕ್ರಮೇಣ ಬಂತು.

ಇದೇ ಕಾಲದಲ್ಲಿ ಅಮೆರಿಕದ ಮನಶ್ಶಾಸ್ತ್ರ ಸಂಘ ತನ್ನ ಸದಸ್ಯರಿಗಾಗಿ ನೀತಿಸಂಹಿತೆ ಬರೆಯಲು ಹೊರಟಿತು. ಹಿರಿಯರು ಮೇಜಿನ ಸುತ್ತ ಕುಳಿತು ಉಪದೇಶ ಬರೆಯಲಿಲ್ಲ. ನಿಮ್ಮ ಕೆಲಸದಲ್ಲಿ ಯಾವುದು ಸರಿ, ಯಾವುದು ತಪ್ಪು ಎಂಬ ಇಕ್ಕಟ್ಟು ಎದುರಾದ ನಿಜವಾದ ಸಂದರ್ಭ ಬರೆದು ಕಳುಹಿಸಿ ಎಂದು ಸುಮಾರು 7,500 ಸದಸ್ಯರಿಗೆ ಪತ್ರ ಹೋಯಿತು. ಸಾವಿರಕ್ಕೂ ಹೆಚ್ಚು ಪ್ರಸಂಗಗಳು ಬಂದವು. ಅವನ್ನು ವಿಂಗಡಿಸಿ ರೂಪಿಸಿದ ಸಂಹಿತೆ 1953ರಲ್ಲಿ ಪ್ರಕಟವಾಯಿತು.

ಸಂಘ ಬೇರೆ, ರಾಜ್ಯದ ಲೈಸೆನ್ಸ್ ಮಂಡಳಿ ಬೇರೆ. ಸಂಘ ಹೆಚ್ಚೆಂದರೆ ಸದಸ್ಯತ್ವ ರದ್ದು ಮಾಡಬಹುದು. ಹೊಟ್ಟೆಪಾಡಿನ ಲೈಸೆನ್ಸ್ ಕಿತ್ತುಕೊಳ್ಳುವ ಅಧಿಕಾರ ಮಂಡಳಿಯದು.

ದೂರು ಸಾಗುವ ದಾರಿ

ಕ್ಯಾಲಿಫೋರ್ನಿಯಾದ ಮಂಡಳಿಯನ್ನೇ ನೋಡೋಣ. ಅಲ್ಲಿ 9 ಸದಸ್ಯರಿಗೆ ಸ್ಥಾನವಿದೆ. 5 ಮಂದಿ ಲೈಸೆನ್ಸ್ ಪಡೆದ ಮನಶ್ಶಾಸ್ತ್ರಜ್ಞರು. ಉಳಿದ 4 ಮಂದಿ ಈ ವೃತ್ತಿಗೆ ಸೇರದ ಸಾಮಾನ್ಯ ನಾಗರಿಕರು. ಒಂದೇ ವೃತ್ತಿಯವರು ಪರಸ್ಪರ ಬೆನ್ನು ತಟ್ಟಿಕೊಂಡು ಕೂರಬಾರದು ಎಂಬುದು ಉದ್ದೇಶ.

ದೂರು ಬಂದಾಗ ಅದು ಮಂಡಳಿಯ ವ್ಯಾಪ್ತಿಗೆ ಬರುತ್ತದೆಯೇ ಎಂದು ಮೊದಲು ನೋಡುತ್ತಾರೆ. ಹುರುಳಿದೆ ಎನಿಸಿದರೆ ತನಿಖೆ ನಡೆಯುತ್ತದೆ. ಅದೇ ವೃತ್ತಿಯ ಪರಿಣತರೊಬ್ಬರು ಕಡತ ಓದಿ ಅಭಿಪ್ರಾಯ ಕೊಡುತ್ತಾರೆ. ಆಮೇಲೆ ಲಿಖಿತ ಆರೋಪಪಟ್ಟಿ, ಆಡಳಿತ ನ್ಯಾಯಾಧೀಶರ ಮುಂದೆ ವಿಚಾರಣೆ, ಮಂಡಳಿಯ ಅಂತಿಮ ಆದೇಶ. ಒಪ್ಪಿಗೆಯಾಗದವರು ನ್ಯಾಯಾಲಯಕ್ಕೆ ಹೋಗಬಹುದು. ಶಿಕ್ಷೆಯಲ್ಲೂ ಮೆಟ್ಟಿಲುಗಳಿವೆ: ಬಹಿರಂಗ ಛೀಮಾರಿ, ಇನ್ನೊಬ್ಬ ಹಿರಿಯರ ಕಣ್ಗಾವಲಿನಲ್ಲಿ ಕೆಲಸ, ಅಮಾನತು, ಕೊನೆಗೆ ಲೈಸೆನ್ಸ್ ರದ್ದು. ಕ್ರಮ ಕೈಗೊಂಡ ಆದೇಶವನ್ನು ಯಾರು ಬೇಕಾದರೂ ನೋಡಬಹುದು. ಒಂದು ರಾಜ್ಯದಲ್ಲಿ ಲೈಸೆನ್ಸ್ ಕಳೆದುಕೊಂಡವರು ಸದ್ದಿಲ್ಲದೆ ಪಕ್ಕದ ರಾಜ್ಯದಲ್ಲಿ ಬೋರ್ಡು ಹಾಕಬಾರದಲ್ಲ? 1961ರಲ್ಲಿ ಸ್ಥಾಪನೆಯಾದ ಮಂಡಳಿಗಳ ಒಕ್ಕೂಟ ಇಂಥವರ ಮಾಹಿತಿಯನ್ನು ರಾಜ್ಯ ರಾಜ್ಯಗಳ ನಡುವೆ ಹಂಚುತ್ತದೆ.

ಯಾವುದು ದುರ್ನಡತೆ? ಗುಟ್ಟು ಬಯಲು ಮಾಡುವುದು, ನೀಡದ ಚಿಕಿತ್ಸೆಗೆ ವಿಮಾ ಕಂಪನಿಯಿಂದ ಹಣ ಪಡೆಯುವುದು, ಕಲಿಯದ ವಿದ್ಯೆಯನ್ನು ಪ್ರಯೋಗಿಸುವುದು, ಕುಡಿದು ಕೆಲಸ ಮಾಡುವುದು. ಇನ್ನೊಂದು ಬಗೆ ನಮಗೆ ಮೊದಲು ತಪ್ಪೆಂದೇ ತೋರದು: ಸಲಹೆಗೆ ಬಂದವರ ಹತ್ತಿರ ಸಾಲ ಪಡೆಯುವುದು, ಅವರನ್ನೇ ಕೆಲಸಕ್ಕಿಟ್ಟುಕೊಳ್ಳುವುದು, ಅವರೊಡನೆ ವ್ಯಾಪಾರ ಹೂಡುವುದು. ಹೊರಗೆ ಇವು ಸಹಜ ವ್ಯವಹಾರ. ಆದರೆ ಒಬ್ಬರ ಒಳಗುಟ್ಟೆಲ್ಲ ಇನ್ನೊಬ್ಬರ ಕೈಯಲ್ಲಿರುವಾಗ ‘ಇಲ್ಲ’ ಎನ್ನುವ ಶಕ್ತಿ ಇಬ್ಬರಿಗೂ ಸಮನಾಗಿರುವುದಿಲ್ಲ.

ದೂರು ಕೊಡುವವರು ತೆರಬೇಕಾದ ಬೆಲೆಯೂ ಸಣ್ಣದಲ್ಲ. ತನಿಖೆ ನಡೆಯಬೇಕಾದರೆ ತಮ್ಮ ಚಿಕಿತ್ಸೆಯ ಕಡತ ತೆರೆಯಲು ಅವರು ಒಪ್ಪಬೇಕು. ಯಾರಿಗೂ ತಿಳಿಯಬಾರದೆಂದು ಒಬ್ಬರ ಮುಂದೆ ಹೇಳಿಕೊಂಡದ್ದನ್ನು ಈಗ ತನಿಖಾಧಿಕಾರಿ, ವಕೀಲ, ನ್ಯಾಯಾಧೀಶ ಎಲ್ಲರೂ ಓದುತ್ತಾರೆ. ‘ಮನಸ್ಸು ಸರಿಯಿಲ್ಲವೆಂದು ಬಂದವರ ಮಾತನ್ನು ಹೇಗೆ ನಂಬುವುದು’ ಎಂಬ ಪ್ರಶ್ನೆಯನ್ನೂ ಎದುರಿಸಬೇಕಾಗುತ್ತದೆ.

ಮಹಿಳೆಯರು ಬಾಯಿಬಿಟ್ಟಾಗ

ಆ ಬೆಲೆ ತೆತ್ತೂ ಮುಂದೆ ಬಂದವರಿಂದಲೇ ನಿಯಮಗಳು ಬಿಗಿಯಾದವು. ಚಿಕಿತ್ಸೆಯ ನೆಪದಲ್ಲಿ ಲೈಂಗಿಕವಾಗಿ ಬಳಸಿಕೊಳ್ಳುವುದು ಈ ವೃತ್ತಿಯ ಅತಿ ಕೆಟ್ಟ ತಪ್ಪು. ಆದರೆ 1953ರ ಸಂಹಿತೆಯಲ್ಲಿ ಅದನ್ನು ಹೆಸರಿಸಿ ನಿಷೇಧಿಸಿರಲಿಲ್ಲ. 1975ರಲ್ಲಿ ನ್ಯೂಯಾರ್ಕಿನ ಮಹಿಳೆಯೊಬ್ಬರು ತಮ್ಮ ಮಾಜಿ ಮನೋವೈದ್ಯನ ವಿರುದ್ಧ ಹೂಡಿದ ದಾವೆಯಲ್ಲಿ ಗೆದ್ದರು. ಆತ ಮನಶ್ಶಾಸ್ತ್ರಜ್ಞನಲ್ಲದಿದ್ದರೂ ಪ್ರಕರಣ ಎರಡೂ ವೃತ್ತಿಗಳನ್ನು ತಟ್ಟಿತು. 1977ರ ಸಂಹಿತೆಯಲ್ಲಿ ಮನಶ್ಶಾಸ್ತ್ರ ಸಂಘ ಇಂಥ ಸಂಬಂಧ ಅನೈತಿಕವೆಂದು ಸ್ಪಷ್ಟವಾಗಿ ಬರೆಯಿತು. 1992ರಲ್ಲಿ, ಚಿಕಿತ್ಸೆ ಮುಗಿದ ಮೇಲೂ ಕನಿಷ್ಠ 2 ವರ್ಷ ನಿಷಿದ್ಧ ಎಂದು ಸೇರಿಸಿತು.

ರಾಜ್ಯಗಳು ಇನ್ನೂ ಮುಂದೆ ಹೋದವು. 1984ರಲ್ಲಿ ವಿಸ್ಕಾನ್ಸಿನ್, 1985ರಲ್ಲಿ ಮಿನೆಸೋಟ ಇದನ್ನು ಕ್ರಿಮಿನಲ್ ಅಪರಾಧವೆಂದೇ ಪರಿಗಣಿಸಿದವು. ಕ್ಯಾಲಿಫೋರ್ನಿಯಾದ ನಿಯಮ ಇನ್ನೂ ವ್ಯಾವಹಾರಿಕವಾದದ್ದು: ಹಿಂದಿನ ಚಿಕಿತ್ಸಕರು ಹೀಗೆ ಮಾಡಿದರೆಂದು ರೋಗಿ ಹೇಳಿದರೆ, ಈಗಿನ ಚಿಕಿತ್ಸಕರು ಅವರ ಕೈಗೆ ಒಂದು ಕಿರುಹೊತ್ತಗೆ ಕೊಡಲೇಬೇಕು. ತಪ್ಪು ನಿಮ್ಮದಲ್ಲ, ದೂರು ಕೊಡುವುದು ಹೀಗೆ ಎಂದು ಅದು ತಿಳಿಸುತ್ತದೆ. ದೂರು ಕೊಡುವ ಬಾಗಿಲು ಎಲ್ಲಿದೆ ಎಂದು ತಿಳಿಯದವರಿಗೆ ಕಾನೂನು ಇದ್ದೂ ಇಲ್ಲದಂತೆ ಎಂಬುದನ್ನು ಆ ರಾಜ್ಯ ಅರ್ಥಮಾಡಿಕೊಂಡಿತು.

ಬಾಗಿಲಿಗೇ ಬರಲಾಗದವರು

ಬಾಗಿಲಿದ್ದೂ ನೊಂದವರು ಅಲ್ಲಿಗೆ ತಲುಪಲಾಗದಿದ್ದರೆ ಏನಾಗುತ್ತದೆ ಎಂಬುದು 2001ರ ಭಯೋತ್ಪಾದಕ ದಾಳಿಯ ನಂತರ ಕಂಡಿತು. ಜೇಮ್ಸ್ ಮಿಚೆಲ್ ಮತ್ತು ಬ್ರೂಸ್ ಜೆಸ್ಸೆನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಗುಪ್ತಚರ ಸಂಸ್ಥೆ ಸಿ.ಐ.ಎ.ಗೆ ಬಂದಿಗಳ ವಿಚಾರಣೆಯ ಕ್ರೂರ ವಿಧಾನಗಳನ್ನು ರೂಪಿಸಿಕೊಟ್ಟರು. ನೀರು ಸುರಿದು ಉಸಿರುಗಟ್ಟಿಸುವುದೂ ಅವುಗಳಲ್ಲಿ ಒಂದು. ಅವರ ಕಂಪನಿಗೆ 8.1 ಕೋಟಿ ಡಾಲರ್ ಸಂದಾಯವಾಗಿತ್ತೆಂದು 2014ರ ಡಿಸೆಂಬರಿನಲ್ಲಿ ಅಮೆರಿಕದ ಸೆನೆಟ್ ಸಮಿತಿಯ ವರದಿ ತಿಳಿಸಿತು. ಟೆಕ್ಸಾಸ್ ಲೈಸೆನ್ಸ್ ಹೊಂದಿದ್ದ ಮಿಚೆಲ್ ಮೇಲೆ 2010ರಲ್ಲಿ ದೂರು ಹೋಯಿತು. 2011ರಲ್ಲಿ ಮಂಡಳಿ ಅದನ್ನು ವಜಾ ಮಾಡಿತು. ಇಬ್ಬರೂ ಆಗ ಮನಶ್ಶಾಸ್ತ್ರ ಸಂಘದ ಸದಸ್ಯರಾಗಿರಲಿಲ್ಲ. ಸಂಘದಿಂದ ಹೊರಹಾಕುವ ಮಾತೇ ಬರಲಿಲ್ಲ.

ಗ್ವಾಂಟನಾಮೊ ಸೆರೆಮನೆಯಲ್ಲಿ ವಿಚಾರಣಾಧಿಕಾರಿಗಳಿಗೆ ಸಲಹೆ ಕೊಟ್ಟ ಸೇನಾ ಮನಶ್ಶಾಸ್ತ್ರಜ್ಞರೊಬ್ಬರ ಮೇಲೆ ನ್ಯೂಯಾರ್ಕಿನಲ್ಲಿ ದೂರು ಕೊಟ್ಟವರು ಅದೇ ವೃತ್ತಿಯ ಇನ್ನೊಬ್ಬರು. ಬಂದಿ ಆ ಮನಶ್ಶಾಸ್ತ್ರಜ್ಞರ ರೋಗಿಯಾಗಿರಲಿಲ್ಲ, ಆದ್ದರಿಂದ ಅಲ್ಲಿ ನಡೆದದ್ದು ಮನಶ್ಶಾಸ್ತ್ರದ ವೃತ್ತಿಯೇ ಅಲ್ಲ ಎಂದು ಶಿಸ್ತು ಕಚೇರಿ ತನಿಖೆಗೆ ಒಪ್ಪಲಿಲ್ಲ. ದೂರುದಾರರು ನ್ಯಾಯಾಲಯಕ್ಕೆ ಹೋದರು. ದಾವೆ ಹೂಡುವ ಹಕ್ಕು ನಿಮಗಿಲ್ಲ ಎಂದು 2011ರಲ್ಲಿ ನ್ಯಾಯಾಲಯ ಹೇಳಿತು. ಹಾನಿಗೊಳಗಾದವನು ಕಬ್ಬಿಣದ ಸರಳಿನ ಹಿಂದಿದ್ದ. ಅವನ ಪರವಾಗಿ ಬಂದವರಿಗೆ ಹಕ್ಕಿರಲಿಲ್ಲ.

ಸಂಘದ ನೀತಿಸಂಹಿತೆಯೂ ಅಷ್ಟರಲ್ಲಿ ಸಡಿಲವಾಗಿತ್ತು. ನೀತಿಗೂ ಕಾನೂನಿಗೂ ಘರ್ಷಣೆ ಬಂದು ಅದು ಬಗೆಹರಿಯದಿದ್ದರೆ ಕಾನೂನನ್ನು ಪಾಲಿಸಬಹುದು ಎಂದು 2002ರ ಸಂಹಿತೆ ಹೇಳಿತ್ತು. ಮಾನವ ಹಕ್ಕುಗಳ ಉಲ್ಲಂಘನೆಗೆ ಇದು ಸಮರ್ಥನೆಯಾಗದು ಎಂಬ ತಿದ್ದುಪಡಿ ಬಂದದ್ದು 2010ರಲ್ಲಿ. ಸಂಘವೇ ನೇಮಿಸಿದ ವಕೀಲ ಡೇವಿಡ್ ಹಾಫ್‌ಮನ್ 2015ರಲ್ಲಿ ವರದಿ ಕೊಟ್ಟರು. ನೀತಿ ನಿಯಮಗಳು ಬಿಗಿಯಾಗದಂತೆ ಸಂಘದ ಅಧಿಕಾರಿಗಳು ರಕ್ಷಣಾ ಇಲಾಖೆಯವರೊಡನೆ ಕೈಜೋಡಿಸಿದ್ದರು, ದೂರುಗಳ ವಿಷಯದಲ್ಲಿ ಸಾರ್ವಜನಿಕರಿಗಿಂತ ಸದಸ್ಯರ ರಕ್ಷಣೆಯೇ ಮುಂದಾಗಿತ್ತು ಎಂದು ಅದು ಹೇಳಿತು. ವರದಿಯಲ್ಲಿ ಹೆಸರು ಬಂದ ಕೆಲವರು ಇದನ್ನು ಅಲ್ಲಗಳೆದು ಮಾನನಷ್ಟ ದಾವೆ ಹೂಡಿದರು. ಅದೇ ಆಗಸ್ಟ್‌ನಲ್ಲಿ ಟೊರಾಂಟೊದಲ್ಲಿ ಸೇರಿದ ಸಂಘದ ಪರಿಷತ್ತು, ರಾಷ್ಟ್ರೀಯ ಭದ್ರತೆಯ ವಿಚಾರಣೆಗಳಲ್ಲಿ ಮನಶ್ಶಾಸ್ತ್ರಜ್ಞರು ಭಾಗವಹಿಸಬಾರದೆಂದು ನಿರ್ಧರಿಸಿತು. ಪರವಾಗಿ 157 ಮತ, ವಿರುದ್ಧ ಒಂದೇ.

ನಮ್ಮಲ್ಲಿ

ಭಾರತದಲ್ಲಿ ಈ ವೃತ್ತಿಯ ವ್ಯವಸ್ಥಿತ ತರಬೇತಿ ಬೇರೂರಿದ್ದು ಬೆಂಗಳೂರಿನಲ್ಲೇ. ಇಂದಿನ ನಿಮ್ಹಾನ್ಸ್‌ನ ಪೂರ್ವರೂಪವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ 1954ರಲ್ಲಿ ಆರಂಭವಾಯಿತು. ಮರುವರ್ಷವೇ ಅಲ್ಲಿ ವೈದ್ಯಕೀಯ ಮನಶ್ಶಾಸ್ತ್ರದ ಡಿಪ್ಲೊಮಾ ತರಗತಿ ಶುರುವಾಯಿತು. ಆದರೆ ತಪ್ಪಿದವರನ್ನು ಕೇಳುವ ಕಾನೂನಿಗೆ ನಾವು 1992ರವರೆಗೆ ಕಾಯಬೇಕಾಯಿತು. ಆ ವರ್ಷದ ಭಾರತೀಯ ಪುನರ್ವಸತಿ ಪರಿಷತ್ ಕಾಯಿದೆ, ಅಂಗವಿಕಲರ ಪುನರ್ವಸತಿಗೆ ದುಡಿಯುವ ಇತರ ವೃತ್ತಿಯವರೊಂದಿಗೆ ಚಿಕಿತ್ಸಾ ಮನಶ್ಶಾಸ್ತ್ರಜ್ಞರನ್ನೂ ಒಂದು ಕೇಂದ್ರ ನೋಂದಣಿ ಪುಸ್ತಕದಡಿ ತಂದಿತು. ದುರ್ನಡತೆ ಸಾಬೀತಾದರೆ ಹೆಸರು ತೆಗೆಯುವ ಅಧಿಕಾರ ಪರಿಷತ್ತಿಗಿದೆ. ನೋಂದಣಿ ಇಲ್ಲದೆ ವೃತ್ತಿ ನಡೆಸಿದರೆ ಒಂದು ವರ್ಷದವರೆಗೆ ಸಜೆ, ಇಲ್ಲವೆ 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ, ಚಿಕಿತ್ಸಾ ಮನಶ್ಶಾಸ್ತ್ರಜ್ಞರು ರಾಜ್ಯ ಪ್ರಾಧಿಕಾರದಲ್ಲೂ ಹೆಸರು ನೋಂದಾಯಿಸಬೇಕೆಂದಿತು. ಚಿಕಿತ್ಸಾ ಸಂಸ್ಥೆಗಳಲ್ಲಿ ಸೇವೆಯ ಲೋಪವಾದರೆ ದೂರು ಕೊಡುವ ಹಕ್ಕನ್ನು ರೋಗಿಗಳಿಗೆ ಕೊಟ್ಟಿತು.

ಇವೆಲ್ಲ ಸೇರಿದರೂ ಒಂದು ದೊಡ್ಡ ಗುಂಪು ಹೊರಗೇ ಉಳಿಯಿತು. ‘ಆಪ್ತ ಸಲಹೆಗಾರ’, ‘ಜೀವನ ಮಾರ್ಗದರ್ಶಕ’ ಎಂದು ಬೋರ್ಡು ಹಾಕಿಕೊಂಡು, ನಾಲ್ಕಾರು ದಿನಗಳ ಶಿಬಿರದ ಪ್ರಮಾಣಪತ್ರ ಗೋಡೆಗೆ ತಗುಲಿಸಿದವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಪಟ್ಟಿಯಲ್ಲೇ ಇಲ್ಲದವರನ್ನು ಪಟ್ಟಿಯಿಂದ ತೆಗೆಯುವುದು ಹೇಗೆ? ಪೊಲೀಸ್ ಠಾಣೆಗೆ, ಗ್ರಾಹಕರ ವೇದಿಕೆಗೆ ಹೋಗಬಹುದು ನಿಜ. ಆದರೆ ಕಡತ ಓದಿ ‘ಈ ವೃತ್ತಿಯಲ್ಲಿ ಹೀಗೆ ಮಾಡುವಂತಿಲ್ಲ’ ಎಂದು ತೀರ್ಪು ಕೊಡಬಲ್ಲ ಸಮಾನ ವೃತ್ತಿಯವರ ಪೀಠ ಅವರ ಮಟ್ಟಿಗೆ ಇರಲಿಲ್ಲ. ಈ ಕಂದಕ ಮುಚ್ಚಲೆಂದು 2021ರಲ್ಲಿ ಸಹಾಯಕ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯಿದೆ ಬಂತು. ಉಳಿದ ಮನಶ್ಶಾಸ್ತ್ರಜ್ಞರನ್ನೂ ಸಲಹೆಗಾರರನ್ನೂ ನೋಂದಣಿಗೆ ತರುವ, ರಾಜ್ಯ ಪರಿಷತ್ತುಗಳ ಮೂಲಕ ಶಿಸ್ತುಕ್ರಮ ಕೈಗೊಳ್ಳುವ ಅವಕಾಶ ಅದರಲ್ಲಿದೆ.

ಕಾಯಿದೆ ಪುಸ್ತಕದಲ್ಲಿರುವುದು ಒಂದು, ನೊಂದವರು ಹೋಗಿ ತಟ್ಟಬಲ್ಲ ಬಾಗಿಲು ಇನ್ನೊಂದು. ಅಮೆರಿಕದಲ್ಲಿ ಸಂಹಿತೆ ಬಿಗಿಯಾದದ್ದು ನೊಂದವರು ಆ ಬಾಗಿಲನ್ನು ತಟ್ಟಿದಾಗ. ಹಾಗಾಗಿ ಮಗನನ್ನೋ ಮಗಳನ್ನೋ ಸಲಹೆಗೆ ಕರೆದೊಯ್ಯುವ ಮುನ್ನ ನೋಂದಣಿ ಸಂಖ್ಯೆ ಕೇಳಲು ಸಂಕೋಚ ಬೇಡ. ಪುನರ್ವಸತಿ ಪರಿಷತ್ತಿನ ಪಟ್ಟಿ ಎಲ್ಲರೂ ನೋಡಲು ಸಿಗುತ್ತದೆ. ಪ್ರಾಮಾಣಿಕರಾದವರು ಆ ಪ್ರಶ್ನೆಗೆ ಬೇಸರಪಡುವುದಿಲ್ಲ.